ಸ್ತನ ಪುನರ್‌ನಿರ್ಮಾಣ: ರಕ್ತ ಬರುವ ದಾರಿ, ಹೋಗುವ ದಾರಿ

ಪ್ಲಾಸ್ಟಿಕ್ ಸರ್ಜರಿ ಪೋಸ್ಟಿಂಗಿಗೆ ಬರುವ ಎಂಎಸ್ ವಿದ್ಯಾರ್ಥಿಗಳಿಗೂ ರಾತ್ರಿ ಪಾಳಿಯಲ್ಲಿ ಫ್ಲ್ಯಾಪ್ (ರಕ್ತನಾಳದ ಸಮೇತ ಬೇರೆಡೆಯಿಂದ ತಂದ ಅಂಗಾಂಶ) ನೋಡಿಕೊಳ್ಳುವ ನರ್ಸಿಂಗ್ ವಿದ್ಯಾರ್ಥಿಗಳಿಗೂ ಈ ಟಿಪ್ಪಣಿ. ಎಲ್‌ಡಿ, (ಬೆನ್ನಿನ ಫ್ಲ್ಯಾಪ್), ಟ್ರ್ಯಾಮ್, ಡಯೆಪ್ (ಎರಡೂ ಹೊಟ್ಟೆಯ ಫ್ಲ್ಯಾಪ್), ಎಕ್ಸ್‌ಪ್ಯಾಂಡರ್ (ಚರ್ಮ ಹಿಗ್ಗಿಸುವ ಚೀಲ) ಎಂದು ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿದರೆ ವಾರ್ಡಿನಲ್ಲಿ ಏನೂ ನೆನಪಿಗೆ ಬರುವುದಿಲ್ಲ. ಪ್ರತಿ ವಿಧಾನದ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಅಂಗಾಂಶಕ್ಕೆ ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ? ವಿಧಾನದ ಆಯ್ಕೆ, ಸೋಲು, ಸೋತದ್ದನ್ನು ಉಳಿಸುವ ದಾರಿ ಎಲ್ಲವೂ ಇದೇ ಪ್ರಶ್ನೆಯ ಉತ್ತರದಲ್ಲಿವೆ.

ಯಾರು ಏನು ಮಾಡುತ್ತಾರೆ

ಗೆಡ್ಡೆ ತೆಗೆಯುವವರು ಸರ್ಜಿಕಲ್ ಆಂಕಾಲಜಿಸ್ಟ್ ಅಥವಾ ಸ್ತನ ಶಸ್ತ್ರಚಿಕಿತ್ಸಕರು, ಸ್ತನವನ್ನು ಮತ್ತೆ ಕಟ್ಟುವವರು ಪ್ಲಾಸ್ಟಿಕ್ ಸರ್ಜನ್. ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ನಂತರ 3 ವರ್ಷದ ಎಂಎಸ್ ಜನರಲ್ ಸರ್ಜರಿ, ಆಮೇಲೆ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಎಂಸಿಎಚ್ ಪದವಿ. ಸ್ತನ ತೆಗೆದ ದಿನವೇ ಪುನರ್‌ನಿರ್ಮಾಣ ಮಾಡುವುದಾದರೆ ಎರಡು ತಂಡಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮೇಲೆ ಮ್ಯಾಸ್ಟೆಕ್ಟಮಿ (ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ) ನಡೆಯುತ್ತಿರುವಾಗಲೇ ಕೆಳಗೆ ಹೊಟ್ಟೆಯ ಫ್ಲ್ಯಾಪ್ ಎತ್ತುವ ಕೆಲಸ ಸಾಗುತ್ತದೆ. ಸ್ತನದ ಒಂದು ಭಾಗವನ್ನಷ್ಟೇ ತೆಗೆಯುವಲ್ಲಿ ಉಳಿದ ಅಂಗಾಂಶವನ್ನೇ ಸರಿಸಿ ಆಕಾರ ಕೊಡುವ ಆಂಕೋಪ್ಲಾಸ್ಟಿ ಸಾಕಾಗಬಹುದು. ಸ್ಥೂಲವಾಗಿ, ಸ್ತನದ ಶೇ. 20ರೊಳಗೆ ತೆಗೆದರೆ ಸರಳವಾಗಿ ಸರಿಸಿದರಾಯಿತು, ಶೇ. 20ರಿಂದ 50ರವರೆಗೆ ತೆಗೆದರೆ ಸ್ತನ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯ ಮಾದರಿಯ ಛೇದನಗಳು ಬೇಕು.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ ರೇಡಿಯೇಶನ್ ಬಗ್ಗೆ: ಆಗಿದೆಯೇ, ಮುಂದೆ ಆಗಲಿದೆಯೇ? ರೇಡಿಯೇಶನ್ ಚರ್ಮದ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ, ಅಂಗಾಂಶವನ್ನು ಗಟ್ಟಿಯಾಗಿಸುತ್ತದೆ. ಅಂಥ ಚರ್ಮದಡಿ ಇಂಪ್ಲಾಂಟ್ ಇಟ್ಟರೆ ಸುತ್ತಲಿನ ಪೊರೆ ಬಿಗಿಯುವುದು, ಗಾಯ ಬಿಚ್ಚಿಕೊಳ್ಳುವುದು, ಸೋಂಕು ಮೂರೂ ಹೆಚ್ಚು. ಹಾಗಾಗಿ ರೇಡಿಯೇಶನ್ ಆದ ಎದೆಗೆ ರೋಗಿಯ ಸ್ವಂತ ಅಂಗಾಂಶವೇ ಒಳ್ಳೆಯ ಆಯ್ಕೆ. ಅದೂ ರೇಡಿಯೇಶನ್ ಮುಗಿದು ಕನಿಷ್ಠ 6 ತಿಂಗಳಾದ ಮೇಲೆ.

ಎರಡನೆಯದು ತಂಬಾಕು. ದಕ್ಷಿಣ ಕನ್ನಡದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿಯೇ ಕೇಳಬೇಕು. "ಸಿಗರೇಟ್ ಸೇದುತ್ತೀರಾ" ಎಂದರೆ ಬಹುತೇಕ ಅಮ್ಮಂದಿರು ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿರಬಹುದು. ಇನ್ನು ಮನೆಯಲ್ಲಿ ಕೂತು ಬೀಡಿ ಕಟ್ಟುವವರು ಇಲ್ಲಿ ಸಾವಿರಾರು ಮಂದಿ. ತಂಬಾಕಿನ ಪುಡಿಯನ್ನು ದಿನವಿಡೀ ಕೈಯಲ್ಲಿ ಆಡಿಸುವವರ ದೇಹಕ್ಕೆ ಚರ್ಮದ ಮೂಲಕ, ಧೂಳಿನ ಮೂಲಕ ನಿಕೋಟಿನ್ ಸೇರುತ್ತದೆ. ನಿಕೋಟಿನ್ ಸಣ್ಣ ನಾಳಗಳನ್ನು ಸಂಕುಚಿಸುತ್ತದೆ. ಮ್ಯಾಸ್ಟೆಕ್ಟಮಿ ನಂತರ ಉಳಿದ ತೆಳು ಚರ್ಮ ಮತ್ತು ಹೊಟ್ಟೆಯ ಗಾಯದ ಅಂಚು ಕಪ್ಪಾಗಿ ಸಾಯುವುದಕ್ಕೆ ಇದು ದೊಡ್ಡ ಕಾರಣ. ಶಸ್ತ್ರಚಿಕಿತ್ಸೆಗೆ 4 ವಾರ ಮೊದಲೇ ಸೇವನೆ ನಿಲ್ಲಬೇಕು, ನಂತರವೂ 4 ವಾರ ಬೇಡ. ಬೀಡಿ ಕಟ್ಟುವ ಕೆಲಸಕ್ಕೂ ಅದೇ ಬಿಡುವು ಕೇಳುವುದು ಒಳ್ಳೆಯದು. ಆ ಕೆಲಸ ಮನೆಯ ಆದಾಯವಾದ್ದರಿಂದ ಮನೆಯವರನ್ನೂ ಕೂರಿಸಿಕೊಂಡು ಹೇಳಿ. ಸಾಧ್ಯವಿದ್ದರೆ ಮನೆಯಲ್ಲಿ ಆಡುವ ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲೇ ಹೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವುದಕ್ಕಿಂತ ಮಾತು ಅರ್ಥವಾಗುವುದು ಮುಖ್ಯ.

ಮೂರನೆಯದು ಹೊಟ್ಟೆಯ ಹಳೆಯ ಗಾಯದ ಗುರುತುಗಳು. ಸಿಸೇರಿಯನ್‌ನ ಅಡ್ಡ ಗುರುತು ಸಾಮಾನ್ಯವಾಗಿ ಡಯೆಪ್‌ಗೆ ಅಡ್ಡಿಯಲ್ಲ. ಆಳದ ನಾಳ ಉಳಿದಿರುತ್ತದೆ, ಮೇಲ್ಪದರದ ನಾಳ ಮಾತ್ರ ಕತ್ತರಿಸಿರಬಹುದು. ಹೊಕ್ಕುಳ ದಾಟಿ ಇಳಿಯುವ ಉದ್ದ ಗುರುತಿದ್ದರೆ ಒಂದು ಬದಿಯ ನಾಳದ ರಕ್ತ ಆಚೆ ಬದಿಗೆ ದಾಟದು. ಹಾಗಾಗಿ ಅರ್ಧ ಹೊಟ್ಟೆಯಷ್ಟೇ ಸಿಗುತ್ತದೆ, ಇಲ್ಲವೇ ಎರಡೂ ಬದಿಯ ನಾಳ ಜೋಡಿಸಬೇಕು. ಪಿತ್ತಕೋಶಕ್ಕಾಗಿ ಪಕ್ಕೆಲುಬಿನಡಿ ತೆರೆದ ಗುರುತಿದ್ದರೆ ಆ ಬದಿಯ ಮೇಲಿನ ಎಪಿಗ್ಯಾಸ್ಟ್ರಿಕ್ ನಾಳ (ಹೊಟ್ಟೆಯ ಗೋಡೆಗೆ ಮೇಲಿನಿಂದ ಇಳಿಯುವ ನಾಳ) ಕತ್ತರಿಸಿರುವ ಸಂಭವವಿದೆ, ಅಲ್ಲಿಂದ ಪೆಡಿಕಲ್ ಟ್ರ್ಯಾಮ್ (ನಾಳ ಕತ್ತರಿಸದೆ ತಿರುಗಿಸುವ ಟ್ರ್ಯಾಮ್) ಎತ್ತಬಾರದು. ಮೊದಲೇ ಅಬ್ಡಾಮಿನೋಪ್ಲಾಸ್ಟಿ (ಹೊಟ್ಟೆಯ ಹೆಚ್ಚುವರಿ ಚರ್ಮ, ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ) ಆಗಿದ್ದರೆ ಹೊಟ್ಟೆಯ ಫ್ಲ್ಯಾಪ್‌ನ ಮಾತೇ ಇಲ್ಲ.

ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ಕೇಳಿ. ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದರಿಂದ ಫ್ರೀ ಫ್ಲ್ಯಾಪ್‌ಗೆ (ನಾಳ ಕತ್ತರಿಸಿ ಎದೆಯ ನಾಳಕ್ಕೆ ಜೋಡಿಸುವ ಫ್ಲ್ಯಾಪ್) 2ರಿಂದ 4 ವಾರ ಮೊದಲು ನಿಲ್ಲಿಸುವ ತಂಡಗಳಿವೆ. ಆಂಕಾಲಜಿಸ್ಟ್‌ರನ್ನು ಕೇಳದೆ ನಿಲ್ಲಿಸಬಾರದು.

ಎಕ್ಸ್‌ಪ್ಯಾಂಡರ್ ಮತ್ತು ಇಂಪ್ಲಾಂಟ್

ಸಿಲಿಕೋನ್ ಇಂಪ್ಲಾಂಟ್ ಬಳಕೆಗೆ ಬಂದದ್ದು 1962ರಲ್ಲಿ, ಅಮೆರಿಕದ ಕ್ರೋನಿನ್ ಮತ್ತು ಜೆರೋ ಅವರಿಂದ. ಎಕ್ಸ್‌ಪ್ಯಾಂಡರ್ ಬಳಸಿ ಸ್ತನ ಕಟ್ಟುವ ವಿಧಾನವನ್ನು ರಾಡೊವಾನ್ 1982ರಲ್ಲಿ ಪ್ರಕಟಿಸಿದರು. ಸ್ನಾಯುವಿನ ಕೆಳಗೋ ಮೇಲೋ ಖಾಲಿ ಚೀಲ ಇಟ್ಟು, ಗಾಯ ಮಾಗಿದ ಮೇಲೆ, ಅಂದರೆ ಸುಮಾರು 2 ವಾರಕ್ಕೆ, ಸಲೈನ್ ತುಂಬಲು ಶುರು. ವಾರಕ್ಕೊಮ್ಮೆ 50ರಿಂದ 100 ಮಿ.ಲೀ. ಕಾಂತದಿಂದ ಪೋರ್ಟ್ (ಚೀಲಕ್ಕೆ ಸಲೈನ್ ತುಂಬುವ ಬಾಯಿ) ಗುರುತಿಸಿ, 21 ಅಥವಾ 23 ಗೇಜಿನ ಬಟರ್‌ಫ್ಲೈ ಸೂಜಿ ಚುಚ್ಚಿ ತುಂಬುತ್ತಾರೆ. ಚರ್ಮ ಬೆಳ್ಳಗಾಗಿ ಬಿಗಿದರೆ ಅಥವಾ ರೋಗಿ ನೋವು ಎಂದರೆ ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಬೆಳ್ಳಗಾದ ಚರ್ಮಕ್ಕೆ ಆ ಹೊತ್ತಿನಲ್ಲಿ ರಕ್ತ ಹೋಗುತ್ತಿಲ್ಲ. ಕಾಂತವಿರುವ ಪೋರ್ಟ್ ಒಳಗಿರುವಷ್ಟು ದಿನ ಎಂಆರ್‌ಐ ಮಾಡಿಸಬಾರದು, ಇದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಲೇಬೇಕು.

ಶಸ್ತ್ರಚಿಕಿತ್ಸೆ ಚಿಕ್ಕದು, ಆದರೆ ಬರಬೇಕಾದ ಸಲ ಹೆಚ್ಚು. ಬೈಂದೂರಿನಿಂದಲೋ ಸುಳ್ಯದಿಂದಲೋ ಮಳೆಗಾಲದಲ್ಲಿ ವಾರವಾರ ಬಸ್ಸು ಹಿಡಿದು ಬರಲು ಆಗುತ್ತದೆಯೇ ಎನ್ನುವುದು ವಿಧಾನದ ಆಯ್ಕೆಯಲ್ಲಿ ಗಂಭೀರವಾಗಿ ಎಣಿಸಬೇಕಾದ ಅಂಶ.

ಇಂಪ್ಲಾಂಟ್ ಸುತ್ತಲಿನ ಪೊರೆ ಬಿಗಿಯುವುದನ್ನು ಬೇಕರ್ ದರ್ಜೆಗಳಲ್ಲಿ ಬರೆಯುತ್ತೇವೆ: 1 ಮೆತ್ತಗೆ, 2 ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಸರಿ, 3 ಗಟ್ಟಿ, ಆಕಾರವೂ ಕೆಟ್ಟಿದೆ, 4 ಕಲ್ಲಿನಂತೆ ಗಟ್ಟಿ, ನೋವು. 3 ಮತ್ತು 4ಕ್ಕೆ ಮತ್ತೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಬೆನ್ನಿನ ಎಲ್‌ಡಿ ಫ್ಲ್ಯಾಪ್

ಇಟಲಿಯ ಟಾನ್ಸಿನಿ 1906ರಲ್ಲೇ ವಿವರಿಸಿದ್ದ ಫ್ಲ್ಯಾಪ್ ಇದು. ದಶಕಗಳ ಕಾಲ ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಥೊರಾಕೋಡಾರ್ಸಲ್ ನಾಳದ ಮೇಲೆ ಬೆನ್ನಿನ ಅಗಲ ಸ್ನಾಯುವನ್ನು ಚರ್ಮದ ತುಂಡಿನ ಸಮೇತ ಎತ್ತಿ, ಕಂಕುಳ ಕೆಳಗಿನ ಸುರಂಗದ ಮೂಲಕ ಎದೆಗೆ ತರುತ್ತಾರೆ. ನಾಳ ಕತ್ತರಿಸಿ ಜೋಡಿಸುವ ಕೆಲಸವಿಲ್ಲ, ಮೈಕ್ರೋಸ್ಕೋಪ್ ಬೇಡ. ಆದ್ದರಿಂದ ಇದು ನಂಬಿಕಸ್ಥ ಫ್ಲ್ಯಾಪ್.

ಮೊದಲೇ ಕಂಕುಳ ಗ್ರಂಥಿಗಳನ್ನು ತೆಗೆದಿದ್ದರೆ ಆ ನಾಳ ಉಳಿದಿದೆಯೇ ಎಂದು ನೋಡಬೇಕು. ರೋಗಿ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಬಲವಾಗಿ ಒತ್ತಲಿ. ಕಂಕುಳ ಹಿಂಭಾಗದ ಮಡಿಕೆಯನ್ನು ನಿಮ್ಮ ಬೆರಳುಗಳಲ್ಲಿ ಹಿಡಿಯಿರಿ. ಸ್ನಾಯು ಗಟ್ಟಿಯಾದರೆ ನರ ಉಳಿದಿದೆ. ನರ ನಾಳದ ಪಕ್ಕದಲ್ಲೇ ಸಾಗುವುದರಿಂದ ನಾಳವೂ ಉಳಿದಿರುವ ಸಂಭವ ಹೆಚ್ಚು.

ಬೆನ್ನಿನಲ್ಲಿ ನೀರು ತುಂಬುವುದು, ಅಂದರೆ ಸೆರೋಮಾ, ಇದರ ಅತಿ ಸಾಮಾನ್ಯ ತೊಂದರೆ. ಚರ್ಮವನ್ನು ಕೆಳಪದರಕ್ಕೆ ಅಲ್ಲಲ್ಲಿ ಹೊಲಿದು ಖಾಲಿ ಜಾಗ ಮುಚ್ಚಿದರೆ ಕಡಿಮೆಯಾಗುತ್ತದೆ. ಡ್ರೇನ್ (ದ್ರವ ಹೊರಹರಿಸುವ ಕೊಳವೆ) ತೆಗೆಯುವುದು 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಬಂದಾಗ. ಬಾವಿಯಿಂದ ನೀರು ಸೇದುವ, ಭಾರ ಎಳೆಯುವ ಕೆಲಸ ನಿತ್ಯ ಮಾಡುವವರಿಗೆ ಈ ಸ್ನಾಯು ಹೋದದ್ದು ಗೊತ್ತಾಗುತ್ತದೆ. ಕೆಲಸ ಏನೆಂದು ಕೇಳದೆ ಎಲ್‌ಡಿ ನಿರ್ಧರಿಸಬಾರದು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಹೊಟ್ಟೆಯ ಅಂಗಾಂಶ: ಟ್ರ್ಯಾಮ್‌ನಿಂದ ಡಯೆಪ್‌ಗೆ

ಹಾರ್ಟ್ರಾಂಫ್ 1982ರಲ್ಲಿ ಪ್ರಕಟಿಸಿದ ಟ್ರ್ಯಾಮ್‌ನಲ್ಲಿ ಹೊಟ್ಟೆಯ ಮುಂಭಾಗದ ರೆಕ್ಟಸ್ ಸ್ನಾಯುವನ್ನೇ ಕೊಂಡಿಯಾಗಿಟ್ಟು, ಮೇಲಿನ ಎಪಿಗ್ಯಾಸ್ಟ್ರಿಕ್ ನಾಳದ ರಕ್ತದಿಂದ ಹೊಟ್ಟೆಯ ಚರ್ಮ, ಕೊಬ್ಬನ್ನು ಎದೆಗೆ ತಿರುಗಿಸುತ್ತಾರೆ. ತೊಡಕು ಏನೆಂದರೆ, ಹೊಟ್ಟೆಯ ಕೆಳಭಾಗಕ್ಕೆ ನಿಜವಾಗಿ ಹೆಚ್ಚು ರಕ್ತ ಕೊಡುವುದು ಕೆಳಗಿನ ಆಳದ ಎಪಿಗ್ಯಾಸ್ಟ್ರಿಕ್ ನಾಳ. ಅದು ಹೊರಡುವುದು ಕಾಲಿನ ಕಡೆ ಸಾಗುವ ಎಕ್ಸ್‌ಟರ್ನಲ್ ಇಲಿಯಾಕ್ ಅಪಧಮನಿಯಿಂದ. ಪೆಡಿಕಲ್ ಟ್ರ್ಯಾಮ್‌ನಲ್ಲಿ ರಕ್ತ ಸುತ್ತುದಾರಿ ಹಿಡಿಯಬೇಕು, ಹಾಗಾಗಿ ಫ್ಲ್ಯಾಪ್‌ನ ದೂರದ ಮೂಲೆಗಳಲ್ಲಿ ಕೊಬ್ಬು ಸತ್ತು ಗಂಟಾಗುತ್ತದೆ. ಸ್ನಾಯು ಹೋದ ಹೊಟ್ಟೆ ಸಡಿಲವಾಗಿ ಉಬ್ಬುತ್ತದೆ, ಹರ್ನಿಯಾ ಬರಬಹುದು. ನೆಲದ ಮೇಲೆ ಕೂತು ಏಳುವ ಅಭ್ಯಾಸದವರಿಗೆ ಇದು ದೊಡ್ಡ ತೊಂದರೆ.

ಡಯೆಪ್ ಈ ಎರಡಕ್ಕೂ ಉತ್ತರ. 1989ರಲ್ಲಿ ಜಪಾನಿನ ಕೊಶಿಮಾ, ಸೋಯೆಡಾ ಸ್ನಾಯುವಿಲ್ಲದೆಯೂ ಈ ಚರ್ಮ ಬದುಕುತ್ತದೆ ಎಂದು ತೋರಿಸಿದರು. 1994ರಲ್ಲಿ ಆಲನ್ ಮತ್ತು ಟ್ರೀಸ್ ಸ್ತನಕ್ಕೆ ಬಳಸಿದ್ದನ್ನು ಪ್ರಕಟಿಸಿದರು. ಸ್ನಾಯುವಿನ ಎಳೆಗಳನ್ನು ಬಿಡಿಸಿ, ಅದನ್ನು ಚುಚ್ಚಿಕೊಂಡು ಮೇಲೆ ಬರುವ ಪರ್ಫೊರೇಟರ್ ನಾಳಗಳನ್ನು ಮಾತ್ರ ಬಿಡಿಸಿ ತೆಗೆಯುತ್ತಾರೆ. ಸ್ನಾಯು ತನ್ನ ಜಾಗದಲ್ಲೇ ಉಳಿಯುತ್ತದೆ.

ಹಂತಗಳು ಹೀಗೆ. ಮೊದಲು ಸಿಟಿ ಆಂಜಿಯೋದಲ್ಲಿ (ರಕ್ತನಾಳ ತೋರಿಸುವ ಸ್ಕ್ಯಾನ್) ಹೊಕ್ಕುಳ ಸುತ್ತಲಿನ ದೊಡ್ಡ ಪರ್ಫೊರೇಟರ್‌ಗಳನ್ನು ಗುರುತಿಸಿ, ಹಿಂದಿನ ದಿನ ರೋಗಿಯನ್ನು ನಿಲ್ಲಿಸಿ ಮಾರ್ಕರ್‌ನಲ್ಲಿ ಗೆರೆ ಹಾಕುವುದು, ಮಲಗಿಸಿ 8 ಮೆಗಾಹರ್ಟ್ಸ್ ಡಾಪ್ಲರ್‌ನಲ್ಲಿ (ರಕ್ತದ ಹರಿವಿನ ಸದ್ದು ಕೇಳಿಸುವ ಉಪಕರಣ) ಖಚಿತಪಡಿಸುವುದು. ಒಳಸಾಲಿನ ಪರ್ಫೊರೇಟರ್ ಮಧ್ಯರೇಖೆ ದಾಟಿ ಆಚೆ ಬದಿಗೂ ರಕ್ತ ಕೊಡುತ್ತದೆ. ಹೊರಸಾಲಿನದು ತನ್ನ ಬದಿಯನ್ನೇ ಚೆನ್ನಾಗಿ ಪೋಷಿಸುತ್ತದೆ, ಆದರೆ ಅದರ ಪಕ್ಕದಲ್ಲೇ ಸ್ನಾಯುವಿನ ನರಗಳಿರುತ್ತವೆ, ಎಚ್ಚರ. ಕೆಳ ಛೇದನ ಮಾಡುವಾಗ ಮೇಲ್ಪದರದ ಎಪಿಗ್ಯಾಸ್ಟ್ರಿಕ್ ಅಭಿಧಮನಿ ಸಿಗುತ್ತದೆ. ಅದನ್ನು ಸುಟ್ಟುಬಿಡಬೇಡಿ, ಉದ್ದವಾಗಿ ಬಿಡಿಸಿ ಕ್ಲಿಪ್ ಹಾಕಿ ಇಡಿ. ಫ್ಲ್ಯಾಪ್ ನೀಲಿಗಟ್ಟಿದರೆ ಎರಡನೇ ಹೊರದಾರಿ ಅದೇ.

ಎದೆಯಲ್ಲಿ ಜೋಡಿಸುವುದು ಸಾಮಾನ್ಯವಾಗಿ ಎದೆಮೂಳೆಯ ಪಕ್ಕದ ಇಂಟರ್ನಲ್ ಮ್ಯಾಮರಿ ನಾಳಗಳಿಗೆ, 2ನೇ ಅಥವಾ 3ನೇ ಪಕ್ಕೆಲುಬಿನ ಮಟ್ಟದಲ್ಲಿ. ಎಡಬದಿಯ ಅಭಿಧಮನಿ ಹಲವರಲ್ಲಿ ಬಲದ್ದಕ್ಕಿಂತ ಸಣ್ಣದು. ಅಪಧಮನಿಗೆ 9-0 ನೈಲಾನ್ ಹೊಲಿಗೆ, ಅಭಿಧಮನಿಗೆ 2.5 ಅಥವಾ 3 ಮಿ.ಮೀ. ಕಪ್ಲರ್ (ನಾಳದ ತುದಿಗಳನ್ನು ಜೋಡಿಸುವ ಉಂಗುರ). ಒಂದು ಬದಿಗೆ ಒಟ್ಟು 6ರಿಂದ 8 ಗಂಟೆ ಹಿಡಿಯುತ್ತದೆ. ಅಭ್ಯಾಸಕ್ಕೆ ಕೋಳಿ ತೊಡೆಯ ಅಪಧಮನಿ ಸಾಕು: ಮೂಳೆಯ ಪಕ್ಕದಲ್ಲಿ ಸುಮಾರು 1ರಿಂದ 2 ಮಿ.ಮೀ. ನಾಳ ಸಿಗುತ್ತದೆ. ಮೊದಲ ಎರಡು ಹೊಲಿಗೆ 180 ಡಿಗ್ರಿ ಅಂತರದಲ್ಲಿ ಹಾಕಿ, ನಡುವೆ ತುಂಬುತ್ತಾ ಬನ್ನಿ. ಮುಗಿದ ಮೇಲೆ ನಾಳವನ್ನು ಸೀಳಿ ಒಳಗಿನಿಂದ ನೋಡಿ. ಹಿಂದಿನ ಗೋಡೆ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆಯೇ ಎನ್ನುವುದು ಹೊರಗಿನಿಂದ ಕಾಣುವುದಿಲ್ಲ.

ಮೊದಲ 72 ಗಂಟೆ

ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಮೊದಲ 2-3 ದಿನದಲ್ಲಿ ಆಗುತ್ತದೆ, ಅದರಲ್ಲೂ ಅಪಧಮನಿಗಿಂತ ಅಭಿಧಮನಿಯಲ್ಲಿ ಹೆಚ್ಚು. ಅದರ ಗೋಡೆ ತೆಳು, ಹರಿವು ನಿಧಾನ, ಸ್ವಲ್ಪ ತಿರುಚಿದರೂ ಒತ್ತಿದರೂ ಮುಚ್ಚುತ್ತದೆ. ಮೊದಲ 24 ಗಂಟೆ ಗಂಟೆಗೊಮ್ಮೆ ನೋಡಬೇಕು, ಆಮೇಲೆ 2 ಗಂಟೆಗೊಮ್ಮೆ, ಮೂರನೇ ದಿನ 4 ಗಂಟೆಗೊಮ್ಮೆ.

ಅಭಿಧಮನಿ ಮುಚ್ಚಿದರೆ ಫ್ಲ್ಯಾಪ್ ಊದಿ ಬಿಗಿಯುತ್ತದೆ, ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒತ್ತಿ ಬಿಟ್ಟರೆ ಬಣ್ಣ 2 ಸೆಕೆಂಡಿಗೂ ಮೊದಲೇ ಮರಳುತ್ತದೆ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಬೇಗ ಬರುತ್ತದೆ. ಅಪಧಮನಿ ಮುಚ್ಚಿದರೆ ಬಿಳಿಚುತ್ತದೆ, ತಣ್ಣಗಾಗುತ್ತದೆ, ಸಪ್ಪೆಯಾಗಿ ಕುಗ್ಗುತ್ತದೆ, ಚುಚ್ಚಿದರೆ ರಕ್ತವೇ ಇಲ್ಲ. ಬಣ್ಣ ಬೇಗ ಮರಳಿತು ಎಂದು ಹೊಸಬರು ಸಮಾಧಾನಪಡುವುದೇ ಇಲ್ಲಿನ ದೊಡ್ಡ ತಪ್ಪು. ಇನ್ನೊಂದು: ಅಭಿಧಮನಿ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಅಪಧಮನಿಯ ಡಾಪ್ಲರ್ ಸದ್ದು ಕೇಳುತ್ತಲೇ ಇರಬಹುದು. ಸದ್ದಿದೆ ಎಂದು ಬಣ್ಣವನ್ನು ಕಡೆಗಣಿಸಬೇಡಿ.

ಕಪ್ಪು ಮೈಬಣ್ಣದಲ್ಲಿ ನೇರಳೆ ಛಾಯೆ ಕಾಣುವುದು ಕಷ್ಟ. ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಬಿಳಿ ಬೆಳಕಿನಲ್ಲಿ ಒಂದು ಫೋಟೋ ತೆಗೆದು ಫೈಲಿಗೆ ಹಾಕಿ; ಪ್ರತಿ ಸಲ ಅದೇ ಟಾರ್ಚ್‌ನಲ್ಲಿ ನೋಡಿ ಹೋಲಿಸಿ. ಪಾಳಿ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಒಟ್ಟಿಗೆ ಫ್ಲ್ಯಾಪ್ ನೋಡಬೇಕು. ಪಕ್ಕದ ಚರ್ಮಕ್ಕಿಂತ 2 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೆ ಅನುಮಾನಿಸಿ. ಐಸಿಯುವಿನ ಎಸಿ ತಂಪು ನಾಳ ಸಂಕುಚಿಸುತ್ತದೆ, ರೋಗಿಗೆ ಬೆಚ್ಚಗೆ ಹೊದಿಸಿ. ಮೂತ್ರ ಗಂಟೆಗೆ ಕೆ.ಜಿ.ಗೆ 0.5ರಿಂದ 1 ಮಿ.ಲೀ. ಇರಲಿ. ಸೊಂಟ, ಮೊಣಕಾಲು ಮಡಚಿದ ಭಂಗಿ ಹೊಟ್ಟೆಯ ಹೊಲಿಗೆಯ ಎಳೆತ ತಗ್ಗಿಸುತ್ತದೆ.

ಅನುಮಾನ ಬಂದ ಕೂಡಲೇ ಬ್ಯಾಂಡೇಜ್, ಬಿಗಿ ಬ್ರಾ ಸಡಿಲಿಸಿ, ಡ್ರೇನ್ ಕಟ್ಟಿಕೊಂಡಿದೆಯೇ ನೋಡಿ, ಸರ್ಜನ್‌ಗೆ ಫೋನ್ ಮಾಡಿ. ರಾತ್ರಿ 2 ಗಂಟೆಯಾದರೂ ಬೆಳಗ್ಗಿನವರೆಗೆ ಕಾಯಬಾರದು. ತಡವಾದರೆ ಫ್ಲ್ಯಾಪ್‌ನೊಳಗಿನ ಸಣ್ಣ ನಾಳಗಳಲ್ಲೇ ರಕ್ತ ಹೆಪ್ಪುಗಟ್ಟುತ್ತದೆ, ಆಗ ದೊಡ್ಡ ನಾಳ ತೆರೆದುಕೊಟ್ಟರೂ ಹರಿವು ಶುರುವಾಗದು.

ಮನೆಗೆ ಹೋದ ಮೇಲೆ

ಕರಾವಳಿಯ ಸೆಕೆಯಲ್ಲಿ ಬೆವರು ಗಾಯದ ಮಡಿಕೆಗಳಲ್ಲಿ ನಿಂತು ಶಿಲೀಂಧ್ರ ಬೆಳೆಯುತ್ತದೆ. ಹೊಟ್ಟೆಯ ಬೆಲ್ಟ್ ಎರಡು ಇರಲಿ, ಒಂದು ಒಗೆದು ಒಣಗುವಾಗ ಇನ್ನೊಂದು; ಮಳೆಗಾಲದಲ್ಲಿ ಅರೆ ಒದ್ದೆ ಬೆಲ್ಟ್ ಕಟ್ಟಬಾರದು. ಮುಂದೆ ಗುಂಡಿ ಇರುವ ನೈಟಿ ಅನುಕೂಲ. 6 ವಾರ ಭಾರ ಎತ್ತುವಂತಿಲ್ಲ, ತುಂಬಿದ ಕೊಡವೂ ಸೇರಿ.

ಮೊಲೆತೊಟ್ಟು ಕಟ್ಟುವುದು ಸ್ತನದ ಆಕಾರ ನೆಲೆಗೊಂಡ ಮೇಲೆ, 3ರಿಂದ 4 ತಿಂಗಳಿಗೆ. ಸಿ-ವಿ ಫ್ಲ್ಯಾಪ್‌ನಲ್ಲಿ (ಅಲ್ಲಿಯದೇ ಚರ್ಮವನ್ನು ಸಿ, ವಿ ಆಕಾರದಲ್ಲಿ ಕತ್ತರಿಸಿ ಮಡಚುವ ವಿಧಾನ) ಕಟ್ಟಿದ ತೊಟ್ಟಿನ ಎತ್ತರ ಕ್ರಮೇಣ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಮೊದಲೇ ಎತ್ತರವಾಗಿ ಕಟ್ಟುತ್ತಾರೆ, ಸುತ್ತಲಿನ ಬಣ್ಣ ಹಚ್ಚೆಯಿಂದ.

ಇಂಪ್ಲಾಂಟ್ ಇರುವವರಿಗೆ ಒಂದು ಎಚ್ಚರಿಕೆಯನ್ನು ಬರೆದೇ ಕೊಡಿ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪವಾಗಿ ಒಂದು ಬಗೆಯ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಬರುತ್ತದೆ. ಈ ಕಾರಣಕ್ಕೆ ಅಲರ್ಗನ್ ಕಂಪನಿಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜುಲೈ 2019ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಶಸ್ತ್ರಚಿಕಿತ್ಸೆಯಾಗಿ ವರ್ಷ ದಾಟಿದ ಮೇಲೆ ಒಂದು ಸ್ತನ ಇದ್ದಕ್ಕಿದ್ದಂತೆ ಊದಿದರೆ ಅಲ್ಟ್ರಾಸೌಂಡ್ ಮಾಡಿ, ದ್ರವ ತೆಗೆದು ಕೋಶಪರೀಕ್ಷೆಗೂ ಈ ಲಿಂಫೋಮಾ ಗುರುತಿಸುವ ಸಿಡಿ30 ಪರೀಕ್ಷೆಗೂ ಕಳಿಸಬೇಕು. ತೆಗೆದ ದ್ರವವನ್ನು ಸುಮ್ಮನೆ ಚೆಲ್ಲಬಾರದು.