ಸೋಮವಾರದ ದಾರಿ, ಶನಿವಾರದ ದಾರಿ

"ಸಾರ್, ಇದು ಸೋಮವಾರ ಮಾತ್ರ ತೆರೆಯೋ ದಾರಿನಾ?"

ಕೇಳಿದವನು ನನ್ನ ಚೈನ್‌ಮನ್, ಅಂದರೆ ಅಳತೆಯ ಸರಪಳಿ ಹಿಡಿಯುವ ಸಹಾಯಕ. ಈಗ ಅವನ ಕೈಯಲ್ಲಿ ಚೈನೇನೂ ಇಲ್ಲ. ತುದಿಗೆ ಪ್ರಿಸಂ ಕಟ್ಟಿದ ಕೋಲು ಹಿಡಿದು ಕಾಫಿ ಗಿಡಗಳ ನಡುವೆ ನಿಲ್ಲುವುದು ಅವನ ಕೆಲಸ. ಆದರೂ ಊರವರ ಬಾಯಲ್ಲಿ ಅವನು ಚೈನ್‌ಮನ್ನೇ. ಕೊಡಗಿನಲ್ಲಿ ಜಮೀನು ಅಳೆಯುವ ಕೆಲಸಕ್ಕೆ ಇಳಿದು ನನಗೆ 26 ವರ್ಷವಾಯಿತು, ಇಂಥ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದ್ದು ಮಾತ್ರ ಅದೇ ಮೊದಲು.

ಜಾಗ ಇದ್ದದ್ದು ಸೋಮವಾರಪೇಟೆಗೂ ಶನಿವಾರಸಂತೆಗೂ ನಡುವಿನ ಒಂದು ಊರಿನಲ್ಲಿ. ಅಕ್ಕಪಕ್ಕದ ಎರಡು ತೋಟ. ಒಬ್ಬರ ಅಜ್ಜನ ಕಾಲದ ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಸಾಲಿನಲ್ಲಿ, "ಮೂಡಲು: ಸೋಮವಾರದ ದಾರಿ" ಅಂತ ಬರೆದಿತ್ತು. ಪಕ್ಕದವರ ಪತ್ರದಲ್ಲಿ "ಪಡುವಲು: ಶನಿವಾರದ ದಾರಿ". ಈಗ ಅಲ್ಲಿ ದಾರಿಯೂ ಇಲ್ಲ, ಏನೂ ಇಲ್ಲ, ಒಂದೇ ಸಮನೆ ಕಾಫಿ, ಮೇಲೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸು. ಎರಡು ದಾರಿ ಇತ್ತು, ಎರಡರ ನಡುವೆ ಒಂದು ಪಟ್ಟಿ ಜಾಗ ಇತ್ತು, ಅದು ನಮ್ಮದು ಅಂತ ಇಬ್ಬರದೂ ವಾದ. ಸುಮಾರು 30 ಸೆಂಟ್. ಅಷ್ಟಕ್ಕೇ ಎರಡೂ ಮನೆಯವರು ಮಾತು ಬಿಟ್ಟು 9 ವರ್ಷ ಆಗಿತ್ತು.

ಕಥೆಗಳಿಗೇನೂ ಕಡಿಮೆ ಇರಲಿಲ್ಲ. ಸೋಮವಾರ ಈಶ್ವರನ ವಾರ ಅಲ್ವಾ, ಹಾಗಾಗಿ ಅದು ಈಶ್ವರನ ಗುಡಿಗೆ ಹೋಗುವ ದಾರಿ ಅಂತ ಇವರು. ಹಾಗಾದರೆ ನಮ್ಮದು ಶನಿದೇವರ ಗುಡಿಗೆ ಹೋಗುವ ದಾರಿ ಅಂತ ಅವರು. ಸುತ್ತಮುತ್ತ ಶನಿದೇವರ ಗುಡಿ ಎಲ್ಲಿದೆ ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಹೆಸರಿನ ಹಿಂದೆ ದೇವರೋ ರಾಜನೋ ಇರಲೇಬೇಕು ಅಂತ ನಮ್ಮಲ್ಲಿ ಒಂದು ಹಟ. ಕುಶಾಲನಗರವನ್ನೇ ನೋಡಿ. ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಾಗಿ ಆ ಹೆಸರಿಟ್ಟ ಅಂತ ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಟಿಪ್ಪು ಹುಟ್ಟಿದ್ದು 1750ರ ಆಸುಪಾಸಿನಲ್ಲಿ, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನ ಕಡೆ ತಲೆ ಹಾಕಿದ್ದು 1760ರ ದಶಕದಲ್ಲಿ. ಸುದ್ದಿ ತಂದ ಆಳು ದಾರಿಯಲ್ಲಿ ಹತ್ತು ವರ್ಷ ಮಲಗಿದ್ದನೇ? ಲೆಕ್ಕ ಕೂಡುವುದಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಹೊಡೆಯುವ ಗುಂಡಿಗೆ ಇವತ್ತಿಗೂ ಕುಶಾಲತೋಪು ಅನ್ನುತ್ತೇವೆ. ಕುಶಾಲು ಅನ್ನುವ ಮಾತು ಈ ನೆಲದಲ್ಲಿ ಬಳಕೆಯಲ್ಲೇ ಇದೆ, ಅದಕ್ಕೆ ಯಾರ ಮಗನೂ ಹುಟ್ಟಬೇಕಾಗಿಲ್ಲ.

1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೆ ಅದೇ ಊರಿಗೆ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಫ್ರೇಸರ್‌ಪೇಟೆ ಅಂತ ಆಯಿತು. ಇದು ಬರೀ ಕಥೆಯಲ್ಲ, ನನ್ನ ಕೆಲಸಕ್ಕೆ ತಾಗುವ ವಿಷಯ. ಒಂದು ಮನೆಯವರು ಅಜ್ಜನ ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದಿದ್ದರು. ಕುಶಾಲನಗರ ಅಂತ ಹುಡುಕಿದ್ದೇ ಹುಡುಕಿದ್ದು. ಕಾಗದ ಫ್ರೇಸರ್‌ಪೇಟೆ ಅನ್ನುವ ಹೆಸರಿನಲ್ಲಿ ಹಾಯಾಗಿ ಕೂತಿತ್ತು. ಹಳೆಯ ಇಂಗ್ಲಿಷ್ ಕಾಗದದಲ್ಲಿ ಮಡಿಕೇರಿ ಅಂತ ಹುಡುಕಿದರೂ ಇದೇ ಗತಿ, ಅಲ್ಲಿ ಅದು ಮರ್ಕೆರಾ. ಮುದ್ದುರಾಜ 1681ರಲ್ಲಿ ಕಟ್ಟಿದ ಊರು ಮುದ್ದುರಾಜನ ಕೇರಿಯಾಗಿ, ಮಡಿಕೇರಿಯಾಗಿ, ಇಂಗ್ಲಿಷ್ ದೊರೆಗಳ ನಾಲಿಗೆಯಲ್ಲಿ ಮರ್ಕೆರಾ ಆಯಿತು. ವಿರಾಜಪೇಟೆಯೂ ಹಾಗೆಯೇ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ವೀರರಾಜೇಂದ್ರಪೇಟೆ ಅದು. ಅಷ್ಟುದ್ದ ಹೆಸರನ್ನು ಬಸ್ಸಿನ ಕಂಡಕ್ಟರ್ ಕೂಗುವುದು ಹೇಗೆ, ಜನ ನಡುವೆ ಕತ್ತರಿ ಹಾಕಿದರು.

ಹೀಗೆ ರಾಜರು, ಸಾಹೇಬರು ಇಟ್ಟ ಹೆಸರು ಇರುವುದು ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಜನ ಬಳಸಿ ಬಳಸಿ ಬಂದ ಹೆಸರು. ಮಡಿಕೇರಿಯ ನಡುವೆ ಇಂದಿರಾಗಾಂಧಿ ವೃತ್ತ ಅಂತ ಬೋರ್ಡಿದೆ. ಆಟೋದವರಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ, ಚೌಕಿ ಅಂದರೆ ಗೇರು ಹಾಕುತ್ತಾರೆ. ಚೌಕಿ ಅಂದರೆ ಕಾವಲಿನ ಜಾಗ. ಸುಂಟಿಕೊಪ್ಪದ ಕಡೆ ಹೋಗುವಾಗ ಸಿಗುವ ಬೋಯಿಕೇರಿಯಲ್ಲಿ ಬೋಯಿ ಅನ್ನುವ ಮಾತಿದೆ, ಬೋಯಿ ಅಂದರೆ ಪಲ್ಲಕ್ಕಿ ಹೊರುವವನು. ಮೂರ್ನಾಡಿನಲ್ಲಿ ಮೂರು ನಾಡು ಎದ್ದು ಕಾಣುತ್ತದೆ.

ರಸ್ತೆಯ ಹೆಸರಂತೂ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ವಿರಾಜಪೇಟೆಯಲ್ಲಿ ನಿಂತರೆ ಅದು ಗೋಣಿಕೊಪ್ಪ ರಸ್ತೆ. ಗೋಣಿಕೊಪ್ಪದಲ್ಲಿ ನಿಂತರೆ ಅದೇ ಡಾಂಬರು ವಿರಾಜಪೇಟೆ ರಸ್ತೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಗೊತ್ತಿದ್ದೂ ನಾನು ಆ ತೋಟದಲ್ಲಿ ಎರಡು ದಿನ ಬೆಪ್ಪನ ಹಾಗೆ ನಿಂತಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಬೆಪ್ಪನಾಗಿದ್ದು ಅದೊಂದೇ ಸಲವೂ ಅಲ್ಲ. ಲೈಸೆನ್ಸ್ ಸಿಕ್ಕ ಹೊಸತು. ನಾನು ಬಯಲುಸೀಮೆಯಿಂದ ಬಂದವನು, ಕೊಡಗಿನ ಹಳೆಯ ಕಾಗದ ಕಂಡವನಲ್ಲ. ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಜಗುಲಿಯಲ್ಲಿ ಕೂತು ಪತ್ರ ಓದುತ್ತಿದ್ದೆ. "ನೂರು ಬಟ್ಟಿ ಗದ್ದೆ" ಅಂತ ಬಂತು. ಕುಟುಂಬದ ಹಿರಿಯರಾದ ಪಟ್ಟೆದಾರರ ಮುಖ ನೋಡಿ, "ಇಲ್ಲಿ ಮೊದಲು ಸಾರಾಯಿ ಬಟ್ಟಿ ಇತ್ತಾ ಸಾರ್?" ಅಂದುಬಿಟ್ಟೆ. ಆ ಹಿರಿಯರು ನಕ್ಕು ನಕ್ಕು ಕೆಮ್ಮು ಬಂದು ಒಳಗಿನಿಂದ ನೀರು ತರಿಸಬೇಕಾಯಿತು. ಬಟ್ಟಿ ಅಂದರೆ ಭತ್ತದ ಅಳತೆ. ಗದ್ದೆ ಎಷ್ಟು ಅಗಲ ಅಂತ ಯಾರೂ ಕೇಳುತ್ತಿರಲಿಲ್ಲ, ಎಷ್ಟು ಭತ್ತದ ಗದ್ದೆ ಅಂತ ಕೇಳುತ್ತಿದ್ದರು. ಕಂದಾಯವೂ ಹಾಗೆಯೇ. ಆಗ ಪೂರ್ತಿ ಕಂದಾಯ ಕಟ್ಟುವ ಸಾಗು ಜಮೀನಾದರೆ ನೂರು ಬಟ್ಟಿಗೆ 10 ರೂಪಾಯಿ, ಜಮ್ಮಾ ಆದರೆ ಅರ್ಧ, 5 ರೂಪಾಯಿ. ಜಮ್ಮಾ ಅಂದರೆ ಜನ್ಮ, ಹುಟ್ಟಿನಿಂದ ಬಂದ ಹಕ್ಕು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನ ಮೇಯಿಸಲು ಅಂತ ಬಿಟ್ಟುಕೊಟ್ಟ ಗುಡ್ಡ ಬಾಣೆ. ಈಗ ಬಾಣೆಯಲ್ಲೆಲ್ಲ ಕಾಫಿ ನಿಂತಿದೆ, ದನ ಹೋದರೆ ಬೈದು ಓಡಿಸುತ್ತಾರೆ, ಆದರೆ ಕಾಗದದಲ್ಲಿ ಅದಿನ್ನೂ ಬಾಣೆಯೇ.

ಇನ್ನೊಂದು ಮನೆಯವರು ತಮ್ಮ ಮುತ್ತಜ್ಜ ಸೈನ್ಯದಲ್ಲಿ ದೊಡ್ಡ ಅಧಿಕಾರಿ ಅಂತ ಕಾಗದ ತೋರಿಸಿದರು. ಸುಬೇದಾರ್ ಅಂತ ಸಹಿ ಇತ್ತು, ನಿಜ. ಆದರೆ ಬ್ರಿಟಿಷರ ಕಾಲದಲ್ಲಿ ಕೊಡಗಿನ ತಾಲ್ಲೂಕಿನ ಅಧಿಕಾರಿಯನ್ನೇ ಸುಬೇದಾರ್ ಅನ್ನುತ್ತಿದ್ದರು, ಅಂದರೆ ಈಗಿನ ತಹಶೀಲ್ದಾರ್. ಅವರ ಕೆಳಗೆ ನಾಡಿಗೊಬ್ಬ ಪಾರುಪತ್ಯಗಾರ. ಮುತ್ತಜ್ಜ ಬಂದೂಕು ಹಿಡಿದವರಲ್ಲ, ಕಂದಾಯ ಹಿಡಿದವರು. ಹೇಳಿದೆ. ಅವರಿಗೆ ಜಾಸ್ತಿ ಖುಷಿಯಾದ ಹಾಗೆ ಕಾಣಲಿಲ್ಲ. ಕಾಫಿ ಕೊಟ್ಟರು, ತಣ್ಣಗಿತ್ತು.

ಇದಕ್ಕಿಂತ ತೊಂದರೆ ಕೊಟ್ಟದ್ದು ಕಡಂಗ. ಕೊಡಗಿನ ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಹಿಂದೆ ಗಡಿಗೆ, ಕಾವಲಿಗೆ, ನಾಡುನಾಡುಗಳ ನಡುವೆ ತೋಡಿದ ಆಳದ ಕಂದಕ ಅದು. ಕೆಲವು ಕಡೆ ನಾನೇ ಇಳಿದು ನೋಡಿದ್ದೇನೆ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತರೂ ಮೇಲಿನ ಅಂಚು ಕೈಗೆ ಸಿಗುವುದಿಲ್ಲ. ವಿರಾಜಪೇಟೆಯ ಹತ್ತಿರ ಕಡಂಗ ಅಂತ ಊರೇ ಇದೆ. ನನ್ನ ಕೈಗೆ ಬಂದ ಒಂದು ನಕಲಿನಲ್ಲಿ ಯಾರೋ ಟೈಪ್ ಮಾಡುವಾಗ "ಉತ್ತರಕ್ಕೆ ಕಡಂಗ" ಅನ್ನುವುದನ್ನು "ಉತ್ತರಕ್ಕೆ ಕದಂಬ" ಮಾಡಿದ್ದರು. ಕಾಗದ ಕೈ ಬದಲಾಗುತ್ತಾ ಹೋಯಿತು. ಮೂರನೇ ಕೈಗೆ ಬರುವಾಗ ಆ ತೋಟದ ಮಾಲೀಕರು ತಮ್ಮ ಜಾಗ ಕದಂಬರ ಗಡಿಯಲ್ಲಿತ್ತು ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ತೋಟದ ಅಂಚಿನಲ್ಲೇ ಕಡಂಗ ಬಾಯಿ ತೆರೆದು ಬಿದ್ದಿತ್ತು, ಅದರೊಳಗೆ ಹಳೆಯ ಗೊಬ್ಬರದ ಚೀಲ ಎಸೆಯುತ್ತಿದ್ದರು.

ಈಗ ವಾರದ ವಿಷಯಕ್ಕೆ ಬರುತ್ತೇನೆ.

ದಿನದ ಹೆಸರು ಗ್ರಹಗಳದ್ದು ಅಂತ ಎಲ್ಲರಿಗೂ ಗೊತ್ತು. ಭಾನುವಾರ ಆದ ಮೇಲೆ ಸೋಮವಾರವೇ ಯಾಕೆ, ಶುಕ್ರವಾರ ಯಾಕಲ್ಲ? ಅಳತೆಯವನಾದ್ದರಿಂದ ನನಗೆ ಈ ಲೆಕ್ಕ ಬಹಳ ಇಷ್ಟ. ಹಳಬರು ಗ್ರಹಗಳನ್ನು ನಿಧಾನಕ್ಕೆ ಚಲಿಸುವವರಿಂದ ಬೇಗ ಚಲಿಸುವವರವರೆಗೆ ಸಾಲಾಗಿ ನಿಲ್ಲಿಸಿದರು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಒಂದೊಂದು ಗಂಟೆಗೆ ಒಬ್ಬೊಬ್ಬ ಯಜಮಾನ. ಪಂಚಾಂಗದಲ್ಲಿ ಹೋರೆ ಅಂತ ಕಾಣುತ್ತದಲ್ಲ, ಅದೇ ಇದು. ಗ್ರೀಕರ ಹೋರಾ, ಇಂಗ್ಲಿಷಿನ ಅವರ್ ಎಲ್ಲ ಒಂದೇ ಬೇರಿನವು. ಬೆಳಗಿನ ಮೊದಲ ಹೋರೆ ಯಾರದೋ ಆ ದಿನ ಅವರ ಹೆಸರು. ಮೊದಲ ಹೋರೆ ಸೂರ್ಯನದಾದರೆ 8, 15, 22ನೆಯದೂ ಸೂರ್ಯನದು, 23 ಶುಕ್ರನದು, 24 ಬುಧನದು. 25ನೆಯದು ಚಂದ್ರನದು, ಅಷ್ಟರಲ್ಲಿ ಮರುದಿನ ಬೆಳಗಾಗಿದೆ. ಹಾಗಾಗಿ ಭಾನುವಾರದ ಮರುದಿನ ಸೋಮವಾರ. ಮಿಕ್ಕ ದಿನ ನೀವೇ ಬೆರಳು ಮಡಚಿ ನೋಡಿ, ಸರಿಯಾಗಿ ಬರುತ್ತದೆ.

ನಮ್ಮ ದೇಶದ ಶಾಸನಗಳಲ್ಲಿ ಬಹಳ ಹಿಂದೆಯೇ ವಾರದ ಹೆಸರು ಸಿಗುವುದು ಮಧ್ಯಪ್ರದೇಶದ ಏರಣ್‌ನಲ್ಲಿ, 484ರದ್ದು. ಅಲ್ಲಿರುವುದು ಸುರಗುರುವಿನ ದಿನ. ಸುರಗುರು ಅಂದರೆ ಬೃಹಸ್ಪತಿ, ನಮ್ಮ ಗುರುವಾರ. ಅದೇ ಬೃಹಸ್ಪತಿ ಹಳ್ಳಿಯ ಬಾಯಲ್ಲಿ ಸವೆದು ಬೇಸ್ತವಾರ ಆಗಿದೆ. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಇನ್ನೂ ಚೆಂದ. ಸೋಮವಾರ ತಿಂಗಾಚೆ, ನಮ್ಮ ತಿಂಗಳು ಅಂದರೂ ಚಂದ್ರನೇ. ಶುಕ್ರವಾರ ಬೊಳ್ಳಿಯಾಚೆ. ಬೊಳ್ಳಿ ಅಂದರೆ ಬೆಳ್ಳಿ, ನಸುಕಿನಲ್ಲಿ ಗದ್ದೆಗೆ ಹೋಗುವವರು ನೋಡುವ ಬೆಳ್ಳಿಚುಕ್ಕಿ. ಮಂಗಳವಾರ ಚೊವ್ವಾಚೆ, ಕೆಂಪು ಗ್ರಹದ ದಿನ. ಪುಸ್ತಕ ಬಿಚ್ಚದೆ ಆಕಾಶ ನೋಡಿದರೆ ಸಾಕು, ಇವತ್ತಿಗೂ ಮಂಗಳ ಕೆಂಪಗೇ ಇದೆ.

ಇಷ್ಟಾದರೂ ತೋಟದಲ್ಲಿ ದುಡಿಯುವ ಮನುಷ್ಯನಿಗೆ ವಾರ ಅಂದರೆ ಗ್ರಹ ಅಲ್ಲ, ಸಂತೆ. ಮಂಗಳವಾರ ಅಂದರೆ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಒಣಮೀನು, ಬಾಳೆಗೊನೆ, ಕತ್ತಿ, ಚೀಲ ಎಲ್ಲ ಆ ದಿನವೇ. ಸೋಮವಾರಪೇಟೆ, ಶನಿವಾರಸಂತೆ ಅನ್ನುವ ಎರಡು ಊರು ಸಂತೆಯ ದಿನವನ್ನೇ ಹೆಸರಾಗಿ ಇಟ್ಟುಕೊಂಡಿವೆ. ದಿನಾ ಹೇಳುತ್ತೇವೆ, ಹಾಗಾಗಿ ಕಿವಿಗೆ ಬೀಳುವುದಿಲ್ಲ.

ನನ್ನ ಕಿವಿಗೂ ಬಿದ್ದಿರಲಿಲ್ಲ. ಮೂರನೇ ದಿನ ಬಿಸಿಲು ಏರಿತ್ತು, ಬೇಲಿ ಪಕ್ಕದ ಮನೆಯಲ್ಲಿ ನೀರು ಕೇಳಿದೆ. ಒಳಗಿಂದ ಒಬ್ಬರು ಅಜ್ಜಿ ಬಂದರು. ಎಂಬತ್ತು ದಾಟಿದವರು. ಚೊಂಬು ಕೊಟ್ಟು, ಟ್ರೈಪಾಡ್ ಮೇಲಿನ ಮೆಷಿನ್ ನೋಡಿ, "ಏನಪ್ಪಾ, ಫೋಟೋ ತೆಗೀತಾ ಇದ್ದೀರಾ?" ಅಂದರು.

"ಇಲ್ಲ ಅಜ್ಜಿ. ಸೋಮವಾರದ ದಾರಿ ಹುಡುಕ್ತಾ ಇದ್ದೀನಿ. ಶನಿವಾರದ್ದೂ ಸಿಗ್ತಾ ಇಲ್ಲ."

"ಅಯ್ಯೋ, ಅದರ ಮೇಲೇ ನಿಂತಿದ್ದೀಯಲ್ಲ ಮಾರಾಯ!"

ನಾನು ಕೆಳಗೆ ನೋಡಿದೆ. ಬರೀ ಸಿಲ್ವರ್ ಎಲೆ.

ಅಜ್ಜಿ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಆ ಮನೆಯವರು ಸೋಮವಾರಪೇಟೆ ಸಂತೆಗೆ ಹೋಗುತ್ತಿದ್ದರು, ಈ ಮನೆಯವರು ಶನಿವಾರಸಂತೆಗೆ, ಯಾಕೆಂದರೆ ಈ ಮನೆಯ ಸೊಸೆಯಂದಿರ ತವರು ಆ ಕಡೆ. ಕೆಳಗೆ ಹೋದರೆ ಸೋಮವಾರ, ಮೇಲೆ ಹೋದರೆ ಶನಿವಾರ. ದಾರಿ ಒಂದೇ. "ನಾನು ಮದುವೆಯಾಗಿ ಬಂದದ್ದೂ ಇದರಲ್ಲೇ, ಗಾಡೀಲಿ" ಅಂದರು.

ಚೈನ್‌ಮನ್ ಕೋಲಿನಿಂದ ಎಲೆ ಸರಿಸಿದ. ಮಣ್ಣು ನಡುವೆ ತುಸು ತಗ್ಗಿತ್ತು, ಎಂಟು ಅಡಿ ಅಗಲ ಇರಬಹುದು. ಎರಡೂ ಅಂಚಿನಲ್ಲಿ ಕಾಫಿ ಗಿಡದ ಸಾಲು ಸರಿಯಾಗಿ ಕೂಡದೆ ಹಾವಿನ ಹಾಗೆ ಬಾಗಿಕೊಂಡು ಹೋಗಿತ್ತು. ತಗ್ಗಿನಲ್ಲಿ ನೆಟ್ಟ ಗಿಡಗಳೆಲ್ಲ ಸಣ್ಣವು. ಗಾಡಿಚಕ್ರ ಓಡಾಡಿದ ನೆಲ ಗಟ್ಟಿ, ಬೇರು ಇಳಿಯುವುದಿಲ್ಲ. ಎರಡು ದಿನದಿಂದ ನೋಡುತ್ತಿದ್ದೆ, ಗೊಬ್ಬರ ಸಾಲದೆ ಕುಳ್ಳಗಾಗಿವೆ ಅಂದುಕೊಂಡಿದ್ದೆ.

ಆ ತಗ್ಗಿನುದ್ದಕ್ಕೂ ಮೆಷಿನ್ ಇಟ್ಟು ಪಾಯಿಂಟ್ ತೆಗೆದೆವು. ಎರಡೂ ಪತ್ರದ ಅಳತೆ ಹಾಕಿ ನೋಡಿದರೆ ದಾರಿಯ ಈಚೆ ಇವರದು, ಆಚೆ ಅವರದು, ಹೆಚ್ಚುಕಡಿಮೆ ಸರಿಯಾಗಿ ಕೂತಿತು. ನಡುವಿನ 30 ಸೆಂಟ್ ಅನ್ನುವುದು ಎಲ್ಲೂ ಇರಲಿಲ್ಲ. ಇಬ್ಬರಿಗೂ ನಕ್ಷೆ ತೋರಿಸಿದೆ. ಇಬ್ಬರೂ ಒಂದೇ ಸಲ ಕೇಳಿದರು, "ಹಾಗಾದರೆ ದಾರಿಯ ಜಾಗ ಯಾರದು?"

ಅದಕ್ಕೆ ಮುಂದಿನ ತಿಂಗಳು ಇನ್ನೊಮ್ಮೆ ಹೋಗಬೇಕಾಗಿದೆ.