ಆಫೀಸಲ್ಲಿ ನನ್ನ ಸೀಟ್ ಯಾಕೆ ತೆಗೆದರು?

ಪ್ರಶ್ನೆ: ನಮ್ಮ ಕಂಪನಿ ಹೊಸ ಬಿಲ್ಡಿಂಗ್‌ಗೆ ಹೋಗುತ್ತಿದೆ. ಅಲ್ಲಿ ಯಾರಿಗೂ ಸ್ವಂತ ಸೀಟ್ ಇಲ್ಲವಂತೆ, ದಿನಾ ಆ್ಯಪ್‌ನಲ್ಲಿ ಬುಕ್ ಮಾಡಿ ಕೂರಬೇಕಂತೆ. ಇದು ಬರೀ ಬಾಡಿಗೆ ಉಳಿಸೋ ಉಪಾಯನಾ, ಇಲ್ಲ ನಮಗೂ ಏನಾದರೂ ಲಾಭ ಇದೆಯಾ?

ಮೊದಲ ಕಾರಣ ಬಾಡಿಗೆಯೇ. ನೂರು ಜನರ ಆಫೀಸು ಅಂದುಕೊಳ್ಳಿ. ಐದು ದಿನದಲ್ಲಿ ಮೂರು ದಿನ ಬನ್ನಿ ಅಂದರೆ ದಿನಕ್ಕೆ ಸರಾಸರಿ 60 ಜನ. ಉಳಿದ 40 ಕುರ್ಚಿ ಖಾಲಿ, ಆದರೆ ಬಾಡಿಗೆ, ಎಸಿ, ಕರೆಂಟು ಎಲ್ಲಕ್ಕೂ ದುಡ್ಡು ಕಟ್ಟಲೇಬೇಕು. 2020ರ ಲಾಕ್‌ಡೌನ್ ಆದಮೇಲೆ ಈ ಖಾಲಿ ಕುರ್ಚಿಗಳು ಎಲ್ಲರ ಕಣ್ಣಿಗೂ ಬಿದ್ದವು. ಒಂದು ಮಹಡಿಯನ್ನೇ ಲೀಸ್‌ಗೆ ತೆಗೆದುಕೊಂಡರೆ ಚದರಡಿ ಲೆಕ್ಕದಲ್ಲಿ ಬಾಡಿಗೆ, ಮೇಲೆ ದೊಡ್ಡ ಅಡ್ವಾನ್ಸ್, ವರ್ಷಗಟ್ಟಲೆ ಬಿಟ್ಟು ಹೋಗೋ ಹಾಗಿಲ್ಲ, ಇಂಟೀರಿಯರ್ ಖರ್ಚು ಬೇರೆ. ಅದೇ ರೆಡಿ ಆಫೀಸ್ ಜಾಗ ಬಾಡಿಗೆಗೆ ಕೊಡುವ ಬೆಂಗಳೂರಿನ ಇಂಡಿಕ್ಯೂಬ್, ಬಿಹೈವ್ ಥರದವರು ಸೀಟಿಗೆ ಇಷ್ಟು ಅಂತ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಇಪ್ಪತ್ತು ಜನರ ಟೀಮ್ ಮೂವತ್ತೈದಾದರೆ ಹದಿನೈದು ಸೀಟ್ ಜಾಸ್ತಿ ತೆಗೆದುಕೊಂಡರೆ ಆಯ್ತು. ಸಣ್ಣ ಕಂಪನಿಗೆ ಇದು ನಿಜವಾಗಲೂ ಉಸಿರಾಡೋ ಜಾಗ.

ತೊಂದರೆ ಇರುವುದು ಆ ಸರಾಸರಿಯಲ್ಲಿ. ಜನ ಸರಾಸರಿ ಲೆಕ್ಕದಲ್ಲಿ ಬರುವುದಿಲ್ಲ. ಶುಕ್ರವಾರ ರಾತ್ರಿ ಊರಿನ ಬಸ್ ಹಿಡಿಯಬೇಕು, ಸೋಮವಾರ ಬೆಳಿಗ್ಗೆ ಊರಿಂದ ಬಂದು ಇಳಿದಿರುತ್ತಾರೆ, ಹಾಗಾಗಿ ಮಂಗಳ, ಬುಧ, ಗುರುವಾರವೇ ಎಲ್ಲರೂ ಬರುತ್ತಾರೆ. ಸರಾಸರಿ ನೋಡಿ 65 ಸೀಟ್ ಇಟ್ಟಿದ್ದರೆ, ಆ ದಿನಗಳಲ್ಲಿ ಬರುವುದು 85 ಜನ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಬುಧವಾರ ಹತ್ತೂಕಾಲಿಗೆ ಹೋದರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎರಡು ಮಹಡಿ ಸುತ್ತುವುದೇ ಕೆಲಸ. ಬೆನ್ನುನೋವಿದ್ದ ಒಬ್ಬ ಸಹೋದ್ಯೋಗಿ ದಿನಾ ಮನೆಯಿಂದ ದಿಂಬು ತಂದು, ಕುರ್ಚಿಯ ಎತ್ತರ ಸರಿಮಾಡಿಕೊಂಡು, ಸಂಜೆ ಅದನ್ನು ಮತ್ತೆ ಹೊತ್ತುಕೊಂಡು ಹೋಗುತ್ತಿದ್ದರು. ನೋಡಿ ಬೇಜಾರಾಗುತ್ತಿತ್ತು.

ಇದು ಹೊಸ ಪ್ರಯೋಗವೂ ಅಲ್ಲ. 1994ರಲ್ಲಿ ಲಾಸ್ ಏಂಜಲೀಸ್‌ನ ಚಿಯಾಟ್/ಡೇ ಅನ್ನುವ ಜಾಹೀರಾತು ಕಂಪನಿ ಎಲ್ಲರ ಟೇಬಲ್ ತೆಗೆದುಹಾಕಿತು. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸದ ಕಟ್ಟಡ, ಬಾಗಿಲಲ್ಲೇ ಬೈನಾಕ್ಯುಲರ್ ಆಕಾರದ ದೊಡ್ಡ ಶಿಲ್ಪ. ಬೆಳಿಗ್ಗೆ ಬಂದವರು ಕೌಂಟರ್‌ನಲ್ಲಿ ಲ್ಯಾಪ್‌ಟಾಪ್, ಫೋನ್ ಪಡೆದು ಎಲ್ಲಿ ಬೇಕಾದರೂ ಕೂರಬಹುದು ಅಂತ ಕಂಪನಿಯ ಮುಖ್ಯಸ್ಥ ಜೇ ಚಿಯಾಟ್ ಹೇಳಿದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಲ್ಯಾಪ್‌ಟಾಪ್ ಎಲ್ಲರಿಗೂ ಸಾಲಲಿಲ್ಲ. ಹತ್ತಿರ ಮನೆಯಿದ್ದವರು ಬೇಗ ಬಂದು ತೆಗೆದುಕೊಂಡು ಲಾಕರ್‌ನಲ್ಲಿ ಮುಚ್ಚಿಡತೊಡಗಿದರು. ಕಾಗದ ಪತ್ರ ಇಡಲು ಜಾಗವಿಲ್ಲದೆ ಕಾರಿನ ಡಿಕ್ಕಿಯೇ ಬೀರು ಆಯಿತು. 1998ರಲ್ಲಿ ಕಂಪನಿ ಬೇರೆ ಕಟ್ಟಡಕ್ಕೆ ಹೋದಾಗ ಎಲ್ಲರಿಗೂ ಮತ್ತೆ ಟೇಬಲ್ ಬಂತು.

ಹಾಗಾದರೆ ನಿಮಗೆ ಲಾಭ ಇಲ್ಲವೇ? ಇದೆ, ಸರಿಯಾಗಿ ಮಾಡಿದರೆ. ಉಳಿದ ಜಾಗದಲ್ಲಿ ಏನು ಮಾಡಿದ್ದಾರೆ ಅನ್ನುವುದನ್ನು ನೋಡಿ. ಬಾಗಿಲು ಹಾಕಿಕೊಂಡು ಕಾಲ್ ಮಾಡುವ ಸಣ್ಣ ಕೋಣೆಗಳು, ಯಾರೂ ಮಾತಾಡದ ಒಂದು ಮೂಲೆ, ನಾಲ್ಕು ಜನ ಬೋರ್ಡ್ ಮುಂದೆ ನಿಂತು ತಲೆ ಕೆಡಿಸಿಕೊಳ್ಳುವ ಜಾಗ ಇದ್ದರೆ ಹಳೆಯ ಸಾಲು ಟೇಬಲ್‌ಗಿಂತ ಕೆಲಸ ಸುಲಭವಾಗುತ್ತದೆ. ಅದೇನೂ ಇಲ್ಲದೆ ಸುಮ್ನೆ ಉದ್ದ ಟೇಬಲ್ ಹಾಕಿದ್ದರೆ ಕಷ್ಟ. ಗೋಡೆ ತೆಗೆದರೆ ಜನ ಜಾಸ್ತಿ ಬೆರೆಯುತ್ತಾರೆ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಆಫೀಸಿಗೆ ಬಂದಮೇಲೆ ಮುಖಾಮುಖಿ ಮಾತು ಸುಮಾರು 70% ಇಳಿದಿತ್ತು. ಇಮೇಲ್ ಏರಿತ್ತು.

ಹೋಗುವ ಮೊದಲು ಎಚ್‌ಆರ್‌ ಹತ್ತಿರ ಧೈರ್ಯವಾಗಿ ಕೇಳಿ: ಬುಧವಾರ ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಹಾಕಿದ್ದೀರಿ? ಲಾಕರ್ ಇದೆಯಾ? ಬೆನ್ನುನೋವು ಇರುವವರಿಗೆ, ಗರ್ಭಿಣಿಯರಿಗೆ ಖಾಯಂ ಸೀಟ್ ಕೊಡುತ್ತೀರಾ? ಟೀಮ್‌ಗೆ ಒಂದು ಕಡೆ ಅಂತ ಜಾಗ ಗೊತ್ತುಮಾಡಿದ್ದೀರಾ? ಈ ಕೊನೆಯದನ್ನು ಬಿಡಲೇಬೇಡಿ. ನಮ್ಮಲ್ಲಿ ಅದನ್ನು ಕೇಳಿ ಪಡೆಯಲು ಆರು ತಿಂಗಳು ಹಿಡಿಯಿತು. ಆ ವರ್ಷದ ಆಯುಧ ಪೂಜೆಗೆ, ಯಾರ ಮಾನಿಟರ್ ಯಾವುದು ಅಂತ ಇಲ್ಲದಿದ್ದರೂ, ನಮ್ಮ ಮೂಲೆಯ ಎಂಟಕ್ಕೂ ಕುಂಕುಮ ಇಟ್ಟು ಚೆಂಡು ಹೂ ಕಟ್ಟಿದೆವು.