ಯಾರಿಗೆ ಮೊದಲು ಮನೆ? ಅಮೆರಿಕದಲ್ಲಿ ವಸತಿರಹಿತರ ಅಗತ್ಯವನ್ನು ಅಳೆಯುತ್ತ ಬಂದ ಬಗೆ

2024ರ ಜನವರಿಯಲ್ಲಿ ಅಮೆರಿಕದಾದ್ಯಂತ ನಡೆದ ಒಂದು ರಾತ್ರಿಯ ಎಣಿಕೆಯಲ್ಲಿ 7,71,480 ಮಂದಿ ಮನೆಯಿಲ್ಲದವರು ಲೆಕ್ಕಕ್ಕೆ ಸಿಕ್ಕರು. ದೇಶಮಟ್ಟದ ಅಂಕಿಅಂಶ 2007ರಿಂದ ಸಿಗುತ್ತಿದ್ದು, ಅಲ್ಲಿಂದೀಚೆಗೆ ಇದೇ ಅತಿ ದೊಡ್ಡ ಸಂಖ್ಯೆ. ಅದೇ ಅವಧಿಯಲ್ಲಿ ಅಲ್ಲಿನ ಹಲವು ಊರುಗಳು ಇನ್ನೊಂದು ಕೆಲಸದಲ್ಲಿ ತೊಡಗಿದ್ದವು. ಬೀದಿಯಲ್ಲಿರುವ ವ್ಯಕ್ತಿಗೆ ಎಂಥ ವಸತಿ ನೆರವು ಬೇಕು, ಯಾರಿಗೆ ಮೊದಲು ಸಿಗಬೇಕು ಎಂಬುದನ್ನು ನಿರ್ಧರಿಸಲು ಸುಮಾರು ಒಂದು ದಶಕದಿಂದ ಬಳಸುತ್ತಿದ್ದ ವಿಐ-ಎಸ್‌ಪಿಡ್ಯಾಟ್ ಎಂಬ ಪ್ರಶ್ನಾವಳಿಯನ್ನು ಬದಿಗಿಟ್ಟು, ಹೊಸದನ್ನು ಬರೆದುಕೊಳ್ಳುವ ಕೆಲಸ ಅದು. ಈ ಪ್ರಶ್ನಾವಳಿ ಬಂದದ್ದು ಎಲ್ಲಿಂದ, ಬೇಡವಾದದ್ದು ಏಕೆ ಎಂದು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ದೊಡ್ಡ ಮಾನಸಿಕ ಆಸ್ಪತ್ರೆಗಳು ಒಂದೊಂದಾಗಿ ಖಾಲಿಯಾದವು, ನಗರಗಳ ನಡುವೆ ಬಡವರಿಗೆ ಆಸರೆಯಾಗಿದ್ದ ಅಗ್ಗದ ಒಂಟಿಕೋಣೆ ಹೋಟೆಲುಗಳು ನೆಲಸಮವಾದವು, ಎಂಬತ್ತರ ದಶಕದಲ್ಲಿ ವಸತಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಹಣಕ್ಕೂ ಕತ್ತರಿ ಬಿತ್ತು. ಆಶ್ರಯ ಕೇಳಿ ಬಂದವರಿಗೆ ಹಾಸಿಗೆ ಕೊಡಲು ನ್ಯೂಯಾರ್ಕ್ ನಗರ 1981ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. 1987ರಲ್ಲಿ ಮೆಕಿನ್ನಿ ಕಾಯ್ದೆ ಬಂದು, ವಸತಿರಹಿತರ ನೆರವಿಗೆಂದೇ ಕೇಂದ್ರದ ಹಣ ಹರಿಯತೊಡಗಿತು.

ಆಗಿನ ಪದ್ಧತಿ ಒಂದು ಏಣಿಯಂತಿತ್ತು. ಮೊದಲು ಆಶ್ರಯತಾಣ, ಆಮೇಲೆ ತಾತ್ಕಾಲಿಕ ವಸತಿ, ಕುಡಿತ ಬಿಟ್ಟು ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಕೊನೆಗೆ ಸ್ವಂತ ಬಾಗಿಲಿರುವ ಮನೆ. ಹೀಗಾಗಿ ಮೌಲ್ಯಮಾಪನ ಎಂದರೆ ಈ ಮನುಷ್ಯ ಮನೆಗೆ ಸಿದ್ಧನಾಗಿದ್ದಾನೆಯೇ ಎಂದು ಪರೀಕ್ಷಿಸುವುದು ಎಂದಷ್ಟೇ ಅರ್ಥವಿತ್ತು. ಎಲ್ಲರಿಗಿಂತ ಹೆಚ್ಚು ಕಾಯಿಲೆಯಿದ್ದವರೇ ಏಣಿಯ ಮೊದಲ ಮೆಟ್ಟಿಲಲ್ಲಿ ಜಾರಿ ಮತ್ತೆ ಬೀದಿಗೆ ಬೀಳುತ್ತಿದ್ದರು.

ಇದನ್ನು ತಲೆಕೆಳಗು ಮಾಡಿದ್ದು 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬರಿಸ್ ಆರಂಭಿಸಿದ ಪಾಥ್‌ವೇಸ್ ಟು ಹೌಸಿಂಗ್ ಎಂಬ ಸಂಸ್ಥೆ. ಮೊದಲು ಮನೆ ಕೊಡಿ, ಚಿಕಿತ್ಸೆಯನ್ನು ಅವರು ಬಯಸಿದಂತೆ ಮನೆಯಲ್ಲಿದ್ದಾಗಲೇ ಒದಗಿಸಿ ಎಂಬುದು ಅದರ ಕ್ರಮ. ಮುಂದೆ ಅದಕ್ಕೆ ಹೌಸಿಂಗ್ ಫಸ್ಟ್ ಎಂಬ ಹೆಸರು ನಿಂತಿತು. ಅಲ್ಲಿ ಮನೆ ಸಿಕ್ಕ ಐವರಲ್ಲಿ ಸುಮಾರು ನಾಲ್ವರು ಅದನ್ನು ಉಳಿಸಿಕೊಂಡರು ಎಂದು ಅಧ್ಯಯನಗಳು ತೋರಿಸಿದವು. 1998ರಲ್ಲಿ ಡೆನಿಸ್ ಕಲೇನ್ ಮತ್ತು ರಾಂಡಲ್ ಕೂನ್ ಅವರು ನ್ಯೂಯಾರ್ಕ್ ಹಾಗೂ ಫಿಲಡೆಲ್ಫಿಯಾದ ಆಶ್ರಯತಾಣಗಳ ದಾಖಲೆಗಳನ್ನು ಜಾಲಾಡಿ ಇನ್ನೊಂದು ಸಂಗತಿಯನ್ನು ಹೊರತಂದರು. ಬಂದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಸ್ವಲ್ಪ ಕಾಲವಿದ್ದು ತಾವಾಗಿಯೇ ಹೊರಟುಹೋಗುತ್ತಿದ್ದರು. ನೂರಕ್ಕೆ ಹತ್ತರಷ್ಟು ಮಂದಿ ಮಾತ್ರ ವರ್ಷಗಟ್ಟಲೆ ಉಳಿದು, ಆಶ್ರಯತಾಣಗಳ ಹಾಸಿಗೆಗಳು ಬಳಕೆಯಾದ ಒಟ್ಟು ದಿನಗಳಲ್ಲಿ ಸುಮಾರು ಅರ್ಧವನ್ನು ಅವರೇ ಬಳಸುತ್ತಿದ್ದರು. ಎಲ್ಲರಿಗೂ ಒಂದೇ ಬಗೆಯ ನೆರವು ಬೇಕಿಲ್ಲ ಎಂಬ ಮಾತಿಗೆ ಅಂಕಿಗಳ ಬಲ ಸಿಕ್ಕಿದ್ದು ಆಗ. ಅಗತ್ಯವನ್ನು ಅಳೆಯಬೇಕು ಎಂಬ ಯೋಚನೆಯ ಬೇರು ಇಲ್ಲಿದೆ.

ಅಳತೆಯ ಮೊದಲ ರೂಪ ಹುಟ್ಟಿದ್ದು ಸಾವಿನ ಲೆಕ್ಕದಿಂದ. ಬಾಸ್ಟನ್ನಿನ ಬೀದಿಗಳಲ್ಲಿ ದಶಕಗಳಿಂದ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಜೇಮ್ಸ್ ಓಕಾನೆಲ್ ಮತ್ತು ಸಂಗಡಿಗರು, ಬೀದಿಯಲ್ಲಿ ಸತ್ತವರು ಯಾರು, ಸಾಯುವ ಮುನ್ನ ಅವರಲ್ಲಿ ಏನು ಕಾಣುತ್ತಿತ್ತು ಎಂದು ಹುಡುಕಿದ್ದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಮನೆಯಿಲ್ಲದಿರುವುದರ ಜೊತೆಗೆ ಮೂತ್ರಪಿಂಡ ಅಥವಾ ಯಕೃತ್ತಿನ ಗಂಭೀರ ಕಾಯಿಲೆ, ಎಚ್‌ಐವಿ, ಚಳಿಗೆ ಕೈಕಾಲು ಮರಗಟ್ಟಿ ಗಾಯವಾದದ್ದು, ಅರವತ್ತು ದಾಟಿದ ವಯಸ್ಸು, ಮತ್ತೆ ಮತ್ತೆ ತುರ್ತು ಚಿಕಿತ್ಸೆಗೆ ದಾಖಲಾದದ್ದು ಇವು ಆ ಲಕ್ಷಣಗಳು. ನ್ಯೂಯಾರ್ಕಿನ ಕಾಮನ್ ಗ್ರೌಂಡ್ ಸಂಸ್ಥೆ ಇವನ್ನು ಪ್ರಶ್ನೆಗಳಾಗಿ ಮಾರ್ಪಡಿಸಿ ವಲ್ನರಬಿಲಿಟಿ ಇಂಡೆಕ್ಸ್ ಎಂಬ ಸೂಚ್ಯಂಕ ಮಾಡಿತು. 2010ರಲ್ಲಿ ಶುರುವಾದ ಒಂದು ಲಕ್ಷ ಮನೆಗಳ ಅಭಿಯಾನ ಅದನ್ನು ದೇಶದ ಊರೂರಿಗೆ ಒಯ್ದಿತು. ಸ್ವಯಂಸೇವಕರು ನಸುಕಿನಲ್ಲೇ ಎದ್ದು, ಸೇತುವೆಗಳ ಕೆಳಗೆ, ಉದ್ಯಾನಗಳಲ್ಲಿ ಮಲಗಿದ್ದವರನ್ನು ಮಾತನಾಡಿಸಿ, ಹೆಸರು ಕೇಳಿ, ಒಪ್ಪಿದರೆ ಫೋಟೋ ತೆಗೆದುಕೊಂಡು ಪಟ್ಟಿ ಮಾಡುತ್ತಿದ್ದರು. ಅಲ್ಲಿಯವರೆಗೆ ತಲೆಯೆಣಿಕೆಯಲ್ಲಿ ಕಳೆದುಹೋಗಿದ್ದವರಿಗೆ ಮೊದಲ ಬಾರಿಗೆ ಹೆಸರು ಬಂತು. 2014ರ ಹೊತ್ತಿಗೆ ಅಭಿಯಾನದಲ್ಲಿ ತೊಡಗಿದ್ದ ಊರುಗಳು ಒಂದು ಲಕ್ಷ ದಾಟಿ ಜನರಿಗೆ ಮನೆ ಒದಗಿಸಿದ್ದವು. ಈ ಇತಿಹಾಸದಲ್ಲಿ ಅಳತೆಯ ಉದ್ದೇಶ ಇಷ್ಟು ಸ್ಪಷ್ಟವಾಗಿದ್ದ ಇನ್ನೊಂದು ಘಟ್ಟ ನನಗೆ ಕಾಣುವುದಿಲ್ಲ: ಯಾರು ಸಾಯುವ ಅಪಾಯದಲ್ಲಿದ್ದಾರೋ ಅವರನ್ನು ಮೊದಲು ಒಳಗೆ ಕರೆತರುವುದು.

ಮುಂದಿನ ತಿರುವು ಕಾನೂನಿನದು. 2009ರ ಹಾರ್ಥ್ ಕಾಯ್ದೆ ಮತ್ತು ಅದರಡಿ 2012ರಲ್ಲಿ ಬಂದ ನಿಯಮ, ಕೇಂದ್ರದ ಹಣ ಪಡೆಯುವ ಪ್ರತಿ ಪ್ರದೇಶವೂ ಎಲ್ಲರಿಗೂ ಒಂದೇ ರೀತಿಯ ಮೌಲ್ಯಮಾಪನವಿರುವ ಸಮನ್ವಯ ವ್ಯವಸ್ಥೆಯನ್ನು ಹೊಂದಿರಬೇಕೆಂದು ವಿಧಿಸಿದವು. ಇದರ ಹಿಂದೆ ನ್ಯಾಯವಾದ ಕಾರಣವಿತ್ತು. ಅದುವರೆಗೆ ನೆರವು ಬೇಕಾದವರು ಹತ್ತು ಸಂಸ್ಥೆಗಳ ಬಾಗಿಲಿಗೆ ಅಲೆಯಬೇಕಿತ್ತು, ಪ್ರತಿಯೊಂದರಲ್ಲೂ ಬೇರೆ ಅರ್ಜಿ, ಬೇರೆ ಸರತಿ, ಮತ್ತು ಸುಲಭದ ಪ್ರಕರಣಗಳನ್ನಷ್ಟೇ ಆರಿಸಿಕೊಳ್ಳುವ ಅವಕಾಶ ಆ ಸಂಸ್ಥೆಗಳಿಗಿತ್ತು. ಆದರೆ ನಿಯಮ ಬಂತೇ ಹೊರತು ಕೈಯಲ್ಲಿ ಉಪಕರಣವಿರಲಿಲ್ಲ. 2013ರಲ್ಲಿ ಓಕಾನೆಲ್ ಅಧ್ಯಯನದಿಂದ ಬಂದ ಸೂಚ್ಯಂಕವನ್ನು ಆರ್ಗ್‌ಕೋಡ್ ಎಂಬ ಸಲಹಾ ಸಂಸ್ಥೆಯ ಎಸ್‌ಪಿಡ್ಯಾಟ್ ಎಂಬ ಸುದೀರ್ಘ ಮೌಲ್ಯಮಾಪನದೊಂದಿಗೆ ಬೆಸೆದು, ಮೊದಲಲ್ಲಿ ಹೇಳಿದ ವಿಐ-ಎಸ್‌ಪಿಡ್ಯಾಟ್ ಎಂಬ ಚಿಕ್ಕ ಪ್ರಶ್ನಾವಳಿ ಹೊರಬಂತು. ಉಚಿತ, ಕೆಲವೇ ನಿಮಿಷಗಳ ಕೆಲಸ, ವಿಶೇಷ ತರಬೇತಿ ಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಅದು ಅಮೆರಿಕದ ಗಡಿ ದಾಟಿ ಕೆನಡಾ, ಆಸ್ಟ್ರೇಲಿಯಾಗಳಿಗೂ ಹಬ್ಬಿತು.

ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಆಶ್ರಯತಾಣದ ಮೇಜಿನಾಚೆ ಕುಳಿತ ಅಪರಿಚಿತರೊಬ್ಬರು ಕಾಗದದಿಂದ ಓದುತ್ತಾ ಹೋಗುತ್ತಾರೆ. ಉತ್ತರ ಹೌದು, ಇಲ್ಲ, ಅಥವಾ ಒಂದೆರಡು ಪದಗಳಲ್ಲಿದ್ದರೆ ಸಾಕು. ಎಲ್ಲಿ ಮಲಗುತ್ತೀರಿ, ನಿಮ್ಮ ಮೇಲೆ ಹಲ್ಲೆಯಾಗಿದೆಯೇ, ಸಾಲವಿದೆಯೇ, ಹಣಕ್ಕಾಗಿ ದೇಹ ಮಾರಿಕೊಂಡದ್ದುಂಟೇ, ಬೇರೆಯವರ ಸೂಜಿ ಬಳಸಿದ್ದುಂಟೇ. ಕಳೆದ ಆರು ತಿಂಗಳಲ್ಲಿ ತುರ್ತು ಚಿಕಿತ್ಸೆ, ಆಂಬುಲೆನ್ಸ್, ಆಸ್ಪತ್ರೆ ವಾಸ, ಪೊಲೀಸರೊಂದಿಗೆ ಮಾತು ಇವೆಲ್ಲ ಎಷ್ಟೆಷ್ಟು ಸಲ ಎಂದೂ ಕೇಳುತ್ತಾರೆ. ಪ್ರಶ್ನಾವಳಿಯ ಎರಡನೆಯ ಆವೃತ್ತಿಯಲ್ಲಿ ಈ ಎಲ್ಲ ಸಂಖ್ಯೆಗಳ ಮೊತ್ತ ನಾಲ್ಕು ಅಥವಾ ಹೆಚ್ಚಾದರೆ ಒಂದು ಅಂಕ. ಬೇರೇನೂ ಇಲ್ಲದೆ ಮೂರು ಸಲ ಆಸ್ಪತ್ರೆ ಸೇರಿದವರಿಗೆ ಸೊನ್ನೆ. ನಾಲ್ಕು ಸಲ ಸೇರಿದವರಿಗೆ ಒಂದು, ನಲವತ್ತು ಸಲ ಸೇರಿದವರಿಗೂ ಒಂದೇ. ಒಂಟಿ ವ್ಯಕ್ತಿಗೆ ಒಟ್ಟು ಹದಿನೇಳು ಅಂಕ. ಮೂರರವರೆಗೆ ಬಂದರೆ ವಸತಿ ನೆರವಿಲ್ಲ, ನಾಲ್ಕರಿಂದ ಏಳಾದರೆ ಸ್ವಲ್ಪ ಕಾಲದ ಬಾಡಿಗೆ ನೆರವಿಗೆ, ಎಂಟು ಅಥವಾ ಹೆಚ್ಚಾದರೆ ಕಾಯಂ ಬಾಡಿಗೆ ನೆರವೂ ಆರೈಕೆಯೂ ಸೇರಿದ ವಸತಿಗೆ ಪರಿಶೀಲನೆ. ಇಂಥ ನೆರವಿಗಾಗಿ ಇನ್ನೂ ವಿವರವಾಗಿ ಪರಿಶೀಲಿಸಿ ಎನ್ನುವುದಷ್ಟೇ ಆ ಅಂಕದ ಕೆಲಸವಾಗಿತ್ತು. ಅನೇಕ ಊರುಗಳಲ್ಲಿ ಆ ವಿವರವಾದ ಪರಿಶೀಲನೆ ನಡೆಯಲಿಲ್ಲ. ಏಳು ಮತ್ತು ಎಂಟರ ನಡುವಿನ ಗೆರೆಯೇ ತೀರ್ಪಾಯಿತು.

ಮನೆಗಳು ಮಾತ್ರ ಹೆಚ್ಚಲಿಲ್ಲ. ಅಮೆರಿಕದಲ್ಲಿ ಬಾಡಿಗೆ ನೆರವಿಗೆ ಅರ್ಹವಾದ ಕುಟುಂಬಗಳಲ್ಲಿ ಸರಿಸುಮಾರು ನಾಲ್ಕರಲ್ಲಿ ಒಂದಕ್ಕಷ್ಟೇ ಅದು ಸಿಗುತ್ತದೆ. ಖಾಲಿಯಿರುವ ಮನೆ ಹತ್ತು, ಎಂಟು ಮುಟ್ಟಿದವರು ನೂರು ಎಂಬಲ್ಲಿ ಎಂಟು ಅಂಕಕ್ಕೂ ಬೆಲೆಯಿರುವುದಿಲ್ಲ. ಹದಿಮೂರು, ಹದಿನಾಲ್ಕು ಅಂಕದವರಿಗಷ್ಟೇ ಕರೆ ಹೋಗುತ್ತದೆ. ಅಗತ್ಯವನ್ನು ತಿಳಿಯಲು ಹುಟ್ಟಿದ ಅಳತೆ ಹೀಗೆ ಪಡಿತರ ಹಂಚುವ ಅಳತೆಯಾಯಿತು. ನನ್ನ ಮಟ್ಟಿಗೆ ಈ ಇಡೀ ಗೋಜಲಿನ ಗಂಟು ಇರುವುದು ಇಲ್ಲಿಯೇ. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ. ಕೊರತೆಯ ನಡುವೆ ಯಾವ ಪ್ರಶ್ನಾವಳಿ ಇದ್ದರೂ ಹಾಗೆಯೇ ಆಗುತ್ತಿತ್ತು.

ಬಿರುಕುಗಳು ಬೇಗ ಕಾಣತೊಡಗಿದವು. ಒಬ್ಬರನ್ನೇ ಎರಡು ಸಲ, ಅಥವಾ ಬೇರೆ ಬೇರೆ ಸಂದರ್ಶಕರು ಕೇಳಿದಾಗ ಅಂಕ ಬೇರೆಯಾಗುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಓರೆಗಾನ್, ವರ್ಜೀನಿಯಾ, ವಾಷಿಂಗ್ಟನ್ ರಾಜ್ಯಗಳ ಕೆಲವು ಪ್ರದೇಶಗಳ ದಾಖಲೆಗಳನ್ನಿಟ್ಟುಕೊಂಡು 2019ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಬಿಳಿಯರಿಗೆ ಹೋಲಿಸಿದರೆ ಕಪ್ಪು ವರ್ಣೀಯರೇ ಮೊದಲಾದವರಿಗೆ ಕಡಿಮೆ ಅಂಕ ಬೀಳುತ್ತಿರುವುದು ಕಂಡುಬಂತು. ಇದರಲ್ಲಿ ಆಶ್ಚರ್ಯವೇನಿಲ್ಲ. ವೈದ್ಯರ ಬಳಿ ಹೋಗಲು ಹಿಂಜರಿದವರಿಗೆ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಮಕ್ಕಳನ್ನು ಕಿತ್ತುಕೊಂಡಾರೆಂಬ ಭಯವಿರುವ ತಾಯಿ ಮಾದಕ ವಸ್ತುವಿನ ಪ್ರಶ್ನೆಗೆ ಇಲ್ಲವೆಂದೇ ಹೇಳುತ್ತಾಳೆ. ಮೊದಲ ಭೇಟಿಯಲ್ಲೇ ಅಪರಿಚಿತರ ಮುಂದೆ ಬದುಕಿನ ಅತಿ ನೋವಿನ ಸಂಗತಿಗಳನ್ನು ಬಿಚ್ಚಿಡಬಲ್ಲವರಿಗೆ ಮನೆ ಹತ್ತಿರವಾಗುತ್ತಿತ್ತು, ಮುಚ್ಚಿಟ್ಟುಕೊಂಡವರಿಗೆ ದೂರವಾಗುತ್ತಿತ್ತು. ಕೊನೆಗೆ ಪ್ರಶ್ನಾವಳಿಯನ್ನು ರೂಪಿಸಿದವರೇ ಅದನ್ನು ಹಂತಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿದರು.

ಇದರ ಪಕ್ಕದಲ್ಲೇ ಇನ್ನೊಂದು ಗೆರೆಯೂ ಇದೆ. ದೀರ್ಘಕಾಲದ ವಸತಿರಹಿತರು ಯಾರು ಎಂಬ ಕೇಂದ್ರ ವಸತಿ ಇಲಾಖೆಯ 2015ರ ವ್ಯಾಖ್ಯೆಯಂತೆ, ಅಂಗವೈಕಲ್ಯವಿರುವವರು ಹನ್ನೆರಡು ತಿಂಗಳು ಸತತವಾಗಿ, ಇಲ್ಲವೇ ಮೂರು ವರ್ಷದಲ್ಲಿ ಕನಿಷ್ಠ ನಾಲ್ಕು ಅವಧಿ ಸೇರಿ ಅಷ್ಟೇ ತಿಂಗಳು, ಬೀದಿಯಲ್ಲೋ ಆಶ್ರಯತಾಣದಲ್ಲೋ ಇದ್ದಿರಬೇಕು. ಚಳಿಗೆ ಅಂಜಿ ಬಂಧುವೊಬ್ಬರ ಮನೆಯ ಸೋಫಾದ ಮೇಲೆ ಆರು ರಾತ್ರಿ ಮಲಗಿದರೆ ಸತತ ಅವಧಿ ಉಳಿಯುತ್ತದೆ. ಏಳನೆಯ ರಾತ್ರಿಯೂ ಅಲ್ಲೇ ಕಳೆದರೆ ಮುರಿಯುತ್ತದೆ. ಇದಕ್ಕೆಲ್ಲ ದಾಖಲೆಯನ್ನೂ ಒದಗಿಸಬೇಕು. ಇಂಥ ಗೆರೆಗಳಿಲ್ಲದೆ ಆಡಳಿತ ನಡೆಯುವುದಿಲ್ಲ ಎಂಬುದು ನಿಜವಾದರೂ, ಆ ಏಳನೆಯ ರಾತ್ರಿಯನ್ನು ಮನಸ್ಸಿನಿಂದ ತೆಗೆದುಹಾಕುವುದು ನನಗೆ ಕಷ್ಟ.

ಪಿಟ್ಸ್‌ಬರ್ಗ್ ನಗರವಿರುವ ಅಲೆಗೆನಿ ಕೌಂಟಿ 2020ರಲ್ಲಿ ಪ್ರಶ್ನೆಗಳನ್ನೇ ಬಿಟ್ಟು, ಸರ್ಕಾರಿ ದಾಖಲೆಗಳಿಂದ ಕಂಪ್ಯೂಟರ್ ಲೆಕ್ಕ ಹಾಕುವ ಕ್ರಮಕ್ಕೆ ಹೋಯಿತು. ನೋವನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಮುಂದಿನ ವರ್ಷ ಮಾನಸಿಕ ಆಸ್ಪತ್ರೆ, ತುರ್ತು ಚಿಕಿತ್ಸೆ ಅಥವಾ ಜೈಲು ಸೇರುವ ಸಾಧ್ಯತೆಯನ್ನೇ ಅದು ಅಗತ್ಯವೆಂದು ಎಣಿಸುತ್ತದೆ. ಸದ್ದಿಲ್ಲದೆ ಸೊರಗುವವರು ಅಂಥ ದಾಖಲೆಗಳಲ್ಲಿ ಕಾಣಿಸುವುದು ಕಡಿಮೆ.

ಅಳತೆಗೆ ತಕ್ಕಂತೆ ಮನೆಯನ್ನೂ ಒದಗಿಸಿದಾಗ ಏನಾಗುತ್ತದೆ ಎಂಬುದಕ್ಕೆ ಮಾಜಿ ಸೈನಿಕರ ಉದಾಹರಣೆಯಿದೆ. ಅವರಿಗೆಂದೇ ಬಾಡಿಗೆ ವೋಚರ್‌ಗಳನ್ನೂ, ಅದರ ಜೊತೆಗೆ ಆರೋಗ್ಯ ಸೇವೆಯನ್ನೂ ವರ್ಷ ವರ್ಷ ಹೆಚ್ಚಿಸುತ್ತ ಬಂದದ್ದರಿಂದ, 2010ರಿಂದೀಚೆಗೆ ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಟೆಕ್ಸಸ್‌ನ ಹ್ಯೂಸ್ಟನ್ ನಗರವೂ 2011ರ ನಂತರದ ಒಂದು ದಶಕದಲ್ಲಿ ಅಂಥದೇ ಇಳಿಕೆ ಕಂಡಿತು. ಊರುಗಳು ಮಾಡಿಕೊಂಡ, ಮನೆಯಿಲ್ಲದವರ ಹೆಸರುಗಳ ಪಟ್ಟಿಗಳು ಯಾರಿಗೆ ಮೊದಲು ಎಂಬುದರ ಜೊತೆಗೆ ಒಟ್ಟು ಎಷ್ಟು ಮನೆ, ಎಂಥ ಆರೈಕೆ ಸಾಲದಾಗಿದೆ ಎಂಬುದನ್ನೂ ಹೇಳುತ್ತವೆ. ಮೌಲ್ಯಮಾಪನದ ಈ ಎರಡನೆಯ ಪ್ರಯೋಜನ ಬಹಳ ಕಡೆ ಕಡತದಲ್ಲೇ ಉಳಿದಿದೆ.

ಇದೀಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಬಯಲಲ್ಲಿ ಮಲಗುವುದಕ್ಕೆ ಊರುಗಳು ದಂಡ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ತೀರ್ಪು ನೀಡಿತು. 2025ರ ಜುಲೈಯಲ್ಲಿ ಹೊರಟ ಅಧ್ಯಕ್ಷೀಯ ಆದೇಶ, ಹೌಸಿಂಗ್ ಫಸ್ಟ್ ನೀತಿಗೆ ಕೇಂದ್ರದ ಬೆಂಬಲವನ್ನು ಕೊನೆಗೊಳಿಸಿ, ಚಿಕಿತ್ಸೆಗೆ ಒಪ್ಪುವುದನ್ನು ಷರತ್ತಾಗಿಸುವ ದಿಕ್ಕಿಗೆ ಹೊರಳಿದೆ. ಊರುಗಳು ಹೊಸ ಪ್ರಶ್ನಾವಳಿಗಳನ್ನು, ಕೆಲವು ಕಡೆ ಬೀದಿಯಲ್ಲಿ ಬದುಕಿ ಬಂದವರನ್ನೇ ಜೊತೆಗೆ ಕೂರಿಸಿಕೊಂಡು, ಬರೆಯುತ್ತಿರುವ ಹೊತ್ತಿನಲ್ಲೇ, ಮನೆಗೆ ನೀವು ಸಿದ್ಧರಿದ್ದೀರಾ ಎಂಬ ಎಂಬತ್ತರ ದಶಕದ ಪ್ರಶ್ನೆ ಆ ಹಾಳೆಯ ಮೇಲಕ್ಕೆ ಮರಳಿ ಬರುವ ಸೂಚನೆಗಳಿವೆ.